ಕ್ರೀಡಾ ಪ್ರಶ್ನೋತ್ತರ: ಒಗ್ಬೆಚೆ ಅಷ್ಟೊಂದು ಕ್ಲಬ್ ಬದಲಿಸಿದ್ದೇಕೆ?

ಪ್ರಶ್ನೆ: 2022-23ರ ಸೀಸನ್‌ನಲ್ಲಿ ನಾವು ಗೆಳೆಯರೆಲ್ಲ ಬೀದರಿನಿಂದ ಹೈದರಾಬಾದಿಗೆ ಹೋಗಿ, ಗಚ್ಚಿಬೌಲಿ ಸ್ಟೇಡಿಯಂನಲ್ಲಿ ಹೈದರಾಬಾದ್ ಎಫ್‌ಸಿ ಪರ ಆಡುತ್ತಿದ್ದ ನೈಜೀರಿಯಾದ ಫುಟ್‌ಬಾಲ್ ಆಟಗಾರ ಬಾರ್ತೊಲೊಮ್ಯೂ ಒಗ್ಬೆಚೆ ಅವರನ್ನು ಕಣ್ಣಾರೆ ಕಂಡೆವು. ಅವರು ಆಡಿದ ಕ್ಲಬ್‌ಗಳ ಪಟ್ಟಿ ಹೇಳಿದಾಗ ನಮ್ಮ ಚಿಕ್ಕಪ್ಪ, "ಒಂದು ಕಡೆ ನೆಲೆ ನಿಲ್ಲದವನು ದೊಡ್ಡ ಆಟಗಾರ ಹೇಗಾದಾನು?" ಎಂದುಬಿಟ್ಟರು. ಅವರಿಗೆ ಏನೆಂದು ಉತ್ತರಿಸಲಿ?
– ಓದುಗರೊಬ್ಬರು, ಬೀದರ್

ಉತ್ತರ: ನಿಮ್ಮ ಚಿಕ್ಕಪ್ಪನವರ ಮಾತು ಮೇಲ್ನೋಟಕ್ಕೆ ಸರಿ ಎನಿಸುತ್ತದೆ. ಆದರೆ ಒಗ್ಬೆಚೆ ಅವರ ವಿಷಯದಲ್ಲಿ ಅದು ಅನ್ಯಾಯದ ತೀರ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಒಬ್ಬ ಆಟಗಾರ ಎಷ್ಟು ಕ್ಲಬ್ ಬದಲಿಸಿದ ಎಂಬುದಕ್ಕಿಂತ, ಪ್ರತಿ ಸಲವೂ ಏಕೆ ಬದಲಿಸಬೇಕಾಯಿತು ಎಂಬುದನ್ನು ನೋಡಬೇಕು.

1984ರ ಅಕ್ಟೋಬರ್ 1ರಂದು ನೈಜೀರಿಯಾದ ಓಗೊಜಾದಲ್ಲಿ ಹುಟ್ಟಿದ ಅವರು ಹದಿಹರೆಯದಲ್ಲೇ ಫ್ರಾನ್ಸಿನ ಪ್ಯಾರಿಸ್ ಸೇಂಟ್ ಜರ್ಮೈನ್ ಕ್ಲಬ್ ಸೇರಿದರು. ಆಗ ಆ ತಂಡದಲ್ಲಿ ರೊನಾಲ್ಡಿನೊ ಇದ್ದರು, ಒಗ್ಬೆಚೆಯ ದೇಶದವರೇ ಆದ ಜೇ ಜೇ ಒಕೊಚಾ ಇದ್ದರು. ಅಂಥವರ ನಡುವೆ ಹುಡುಗನೊಬ್ಬನಿಗೆ ಮೈದಾನಕ್ಕಿಳಿಯುವ ಅವಕಾಶ ಸಿಗುವುದೇ ಅಪರೂಪವಾದ್ದರಿಂದ, ಕ್ಲಬ್ಬಿನವರು ಅವರನ್ನು ಮೊದಲು ಬಾಸ್ಟಿಯಾಕ್ಕೆ, ಆಮೇಲೆ ಮೆಟ್ಜ್‌ಗೆ ಎರವಲಾಗಿ ಕಳುಹಿಸಿದರು. ಯುರೋಪಿನಲ್ಲಿ ಇದು ನಿತ್ಯದ ರೂಢಿ. ಆಟಗಾರನ ಒಪ್ಪಂದ ಮೂಲ ಕ್ಲಬ್ಬಿನಲ್ಲೇ ಉಳಿಯುತ್ತದೆ, ಆಟ ಮಾತ್ರ ಬೇರೆ ಊರಿನಲ್ಲಿ ನಡೆಯುತ್ತದೆ. ಹೀಗೆ ಇಪ್ಪತ್ತರ ಆಸುಪಾಸಿನಲ್ಲೇ ಅವರ ಹೆಸರಿನ ಮುಂದೆ ಮೂರು ಕ್ಲಬ್‌ಗಳು ಸೇರಿಕೊಂಡವು.

ಅಲ್ಲಿಂದ ಯುಎಇಯ ಅಲ್ ಜಜೀರಾ, ಸ್ಪೇನಿನ ಅಲಾವೆಸ್, ವಯಾಡೊಲಿಡ್. ಆಮೇಲಿನ ಕಥೆಯನ್ನು ಚಿಕ್ಕಪ್ಪನವರಿಗೆ ಬಿಡಿಸಿ ಹೇಳಿ. ಅವರು ಆಡಿದ ಕಾದಿಜ್ ಕ್ಲಬ್ 2010ರಲ್ಲಿ ಸ್ಪೇನಿನ ಎರಡನೇ ದರ್ಜೆಯಿಂದ ಕೆಳಕ್ಕೆ ಜಾರಿತು. ಗ್ರೀಸಿನ ಕವಾಲಾ ಕ್ಲಬ್ಬು 2011ರ ಮ್ಯಾಚ್ ಫಿಕ್ಸಿಂಗ್ ಹಗರಣದಲ್ಲಿ ಸಿಲುಕಿ ಶಿಕ್ಷೆಗೆ ಗುರಿಯಾಯಿತು. ಇಂಗ್ಲೆಂಡಿನ ಮಿಡಲ್ಸ್‌ಬರೋದಲ್ಲಿ ಒಂದು ಸೀಸನ್ ಕಳೆದು ಮತ್ತೆ ಸ್ಪೇನಿಗೆ ಮರಳಿ ಷೆರೆಜ್ ಸೇರಿದರೆ, ಹಣದ ಮುಗ್ಗಟ್ಟಿನಲ್ಲಿದ್ದ ಆ ಕ್ಲಬ್ 2013ರಲ್ಲಿ ಪಟ್ಟಿಯ ತಳದಲ್ಲಿ ನಿಂತು ಕೆಳದರ್ಜೆಗೆ ಇಳಿಯಿತು. ಕ್ಲಬ್ಬೇ ಕುಸಿಯುವಾಗ ಅಲ್ಲಿ ನೆಲೆ ನಿಲ್ಲಲಿಲ್ಲವೆಂದು ಆಟಗಾರನನ್ನು ದೂರುವುದು ಸರಿಯಲ್ಲ. ಗಟ್ಟಿಯಾಗಿ ನಿಲ್ಲಲು ಜಾಗ ಸಿಕ್ಕಿದ್ದು ಆಮೇಲೆ ನೆದರ್ಲೆಂಡ್ಸ್‌ನಲ್ಲಿ, ಕಾಂಬೂರ್ ಮತ್ತು ವಿಲ್ಲೆಮ್ ಟ್ವೇ ಕ್ಲಬ್‌ಗಳಲ್ಲಿ.

ಭಾರತದ ಐಎಸ್‌ಎಲ್‌ಗೆ (ಇಂಡಿಯನ್ ಸೂಪರ್ ಲೀಗ್) ಬಂದದ್ದು 2018ರಲ್ಲಿ. ಹೆಚ್ಚಿನ ಸ್ಟ್ರೈಕರ್‌ಗಳು (ಮುಂದೆ ನಿಂತು ಗೋಲು ಹೊಡೆಯುವ ಆಟಗಾರರು) ಬೂಟು ಕಳಚುವ ವಯಸ್ಸು. ಅವರಿಗೆ ಆಗ 34 ತುಂಬುತ್ತಿತ್ತು. ಗುವಾಹಟಿಯ ನಾರ್ತ್‌ಈಸ್ಟ್ ಯುನೈಟೆಡ್ ಪರ ಮೊದಲ ಸೀಸನ್‌ನಲ್ಲೇ 12 ಗೋಲು ಹೊಡೆದರು. ಚೆನ್ನೈಯಿನ್ ಎಫ್‌ಸಿ ವಿರುದ್ಧ ಹಿಂದೆ ಬಿದ್ದಿದ್ದ ತಂಡ ಅವರ ಹ್ಯಾಟ್ರಿಕ್ ಬಲದಿಂದ 4-3ರಲ್ಲಿ ಗೆದ್ದದ್ದು ಆ ವರ್ಷವೇ. ನಮ್ಮ ಬೆಂಗಳೂರು ಎಫ್‌ಸಿ ಅಭಿಮಾನಿಗಳಿಗೂ ಆ ಸೀಸನ್ ನೆನಪಿರಬೇಕು. ಸೆಮಿಫೈನಲ್‌ನ ಮೊದಲ ಪಂದ್ಯದಲ್ಲಿ ನಾರ್ತ್‌ಈಸ್ಟ್ 2-1ರಿಂದ ಗೆದ್ದರೂ ಒಗ್ಬೆಚೆ ಗಾಯಗೊಂಡರು. ಅವರಿಲ್ಲದೆ ಎರಡನೇ ಪಂದ್ಯಕ್ಕೆ ಬೆಂಗಳೂರಿಗೆ ಬಂದ ತಂಡ 3-0ಯಲ್ಲಿ ಸೋತಿತು. ಆ ವರ್ಷದ ಕಪ್ ಬೆಂಗಳೂರಿನದಾಯಿತು ನಿಜ, ಆದರೆ ಒಗ್ಬೆಚೆ ಆಡಿದ್ದರೆ ಅದು ಅಷ್ಟು ಸಲೀಸಾಗುತ್ತಿರಲಿಲ್ಲ ಎಂದೇ ನಾನು ನಂಬಿದ್ದೇನೆ.

ನಾರ್ತ್‌ಈಸ್ಟ್‌ನ ತರಬೇತುದಾರ ಎಲ್ಕೊ ಸ್ಕಾಟೋರಿ ಕೇರಳ ಬ್ಲಾಸ್ಟರ್ಸ್‌ಗೆ ಹೋದಾಗ ಒಗ್ಬೆಚೆಯೂ ಅವರ ಹಿಂದೆ ಅಲ್ಲಿಗೆ ಹೋಗಿ 15 ಗೋಲು ಹೊಡೆದರು. ಆ ಸೀಸನ್‌ನಲ್ಲಿ ಬೇರೆ ತಂಡಗಳ ವಾಲ್ಸ್ಕಿಸ್, ರಾಯ್ ಕೃಷ್ಣ ಮತ್ತು ನಮ್ಮ ಒಗ್ಬೆಚೆ ಮೂವರದೂ ತಲಾ 15 ಗೋಲುಗಳೇ ಆಗಿದ್ದರೂ ಅತಿ ಹೆಚ್ಚು ಗೋಲಿಗೆ ಕೊಡುವ ಗೋಲ್ಡನ್ ಬೂಟ್ ಪ್ರಶಸ್ತಿ ವಾಲ್ಸ್ಕಿಸ್ ಪಾಲಾಯಿತು. ಮುಂದಿನ ವರ್ಷ ಮುಂಬೈ ಸಿಟಿ ಪರ ಗೋಲು ಎಂಟೇ, ಆದರೆ ತಂಡ ಲೀಗ್ ಶೀಲ್ಡ್ (ಲೀಗ್ ಹಂತದ ಅಗ್ರಸ್ಥಾನಕ್ಕೆ ಕೊಡುವುದು) ಮತ್ತು ಕಪ್ ಎರಡನ್ನೂ ಗೆದ್ದಿತು. ಆಮೇಲೆ ಹೈದರಾಬಾದ್: 2021-22ರಲ್ಲಿ 18 ಗೋಲು, ಗೋಲ್ಡನ್ ಬೂಟ್, ಜೊತೆಗೆ ಕಪ್, ಮರುವರ್ಷ ಮತ್ತೆ 10 ಗೋಲು. ಐದು ಸೀಸನ್ ಸೇರಿ 63. ಐಎಸ್‌ಎಲ್‌ನಲ್ಲಿ ಗೋವಾ ತಂಡದ ಕೊರೊಮಿನಾಸ್ ಹೆಸರಿನಲ್ಲಿದ್ದ 48 ಗೋಲುಗಳ ದಾಖಲೆಯನ್ನು ಅಳಿಸಿದವರು ಇವರು. ಇವರ ದಾಖಲೆಯನ್ನು ದಾಟಲು 2024-25ರಲ್ಲಿ ಸುನಿಲ್ ಛೆಟ್ರಿಯೇ ಬರಬೇಕಾಯಿತು. ನಾಲ್ಕು ಕ್ಲಬ್, ನಾಲ್ಕು ಬಗೆಯ ಆಟ, ನಾಲ್ಕರಲ್ಲೂ ಗೋಲು. ಇದನ್ನು ಅಸ್ಥಿರತೆ ಎನ್ನಲು ನನಗೆ ಮನಸ್ಸು ಬಾರದು.

ಇನ್ನೊಂದು ಮಾತು. ಹೈದರಾಬಾದ್ ಕಪ್ ಗೆದ್ದ ವರ್ಷ ಕೋವಿಡ್ ಕಾರಣದಿಂದ ಪಂದ್ಯಗಳೆಲ್ಲ ಗೋವಾದಲ್ಲೇ ನಡೆದವು. 2022ರ ಮಾರ್ಚ್ 20ರ ಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ 1-1 ಸಮವಾಗಿ, ಗೋಲ್‌ಕೀಪರ್ ಲಕ್ಷ್ಮೀಕಾಂತ್ ಕಟ್ಟಿಮನಿ ಮೂರು ಪೆನಾಲ್ಟಿ ತಡೆದು ತಂಡವನ್ನು ಗೆಲ್ಲಿಸಿದ್ದನ್ನು ಹೈದರಾಬಾದಿನವರು ತಮ್ಮ ಊರಿನ ಅಂಗಳದಲ್ಲಿ ನೋಡಲಾಗಲಿಲ್ಲ. ಆ ದೃಷ್ಟಿಯಿಂದ, ಮರುವರ್ಷ ಗಚ್ಚಿಬೌಲಿಯಲ್ಲಿ ಒಗ್ಬೆಚೆ ಅವರನ್ನು ನೋಡಿದ ನೀವು ಪುಣ್ಯವಂತರು.

ಪ್ರಶ್ನೆ: ಒಗ್ಬೆಚೆ ವಿಶ್ವಕಪ್ ಆಡಿದ್ದಾರೆ ಎಂದು ಓದಿದೆ. ಹಾಗಿದ್ದರೆ ನೈಜೀರಿಯಾ ತಂಡದಲ್ಲಿ ಮುಂದೆ ಅವರ ಹೆಸರು ಕೇಳಿಬರದಿರಲು ಕಾರಣವೇನು?
– ವಿದ್ಯಾರ್ಥಿನಿ, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಓದಿದ್ದು ನಿಜ. 2002ರ ಆಫ್ರಿಕಾ ಕಪ್ ನಂತರ ನೈಜೀರಿಯಾ ತಂಡದಿಂದ ಸಂಡೇ ಒಲಿಸೇ, ಫಿನಿಡಿ ಜಾರ್ಜ್ ಅವರಂಥ ಹಿರಿಯರನ್ನು ಕೈಬಿಟ್ಟು ಹೊಸಬರನ್ನು ಸೇರಿಸಿಕೊಂಡಾಗ, 17 ವರ್ಷದ ಒಗ್ಬೆಚೆಗೆ ಬಾಗಿಲು ತೆರೆಯಿತು. ಅದೇ ವರ್ಷದ ವಿಶ್ವಕಪ್‌ನಲ್ಲಿ, ಜಪಾನಿನಲ್ಲಿ, ಅವರು ಅರ್ಜೆಂಟೀನಾ ಮತ್ತು ಸ್ವೀಡನ್ ವಿರುದ್ಧ ಆಡಿದರು. ಬಟಿಸ್ಟುಟಾ ಹೊಡೆದ ಒಂದೇ ಗೋಲಿನಿಂದ ಮೊದಲ ಪಂದ್ಯ ಕೈತಪ್ಪಿತು, ಎರಡನೆಯದರಲ್ಲಿ 2-1ರ ಸೋಲಾಯಿತು. ಇಂಗ್ಲೆಂಡ್ ಜೊತೆ ಗೋಲಿಲ್ಲದೆ ಸಮಮಾಡಿಕೊಂಡು ತಂಡ ಮನೆಗೆ ಮರಳಿತು. ಆಮೇಲೆ ಯಾಕುಬು, ಒಬಫೆಮಿ ಮಾರ್ಟಿನ್ಸ್‌ರಂಥ ಸ್ಟ್ರೈಕರ್‌ಗಳು ಇಂಗ್ಲೆಂಡ್, ಇಟಲಿಯ ದೊಡ್ಡ ಲೀಗ್‌ಗಳಲ್ಲಿ ಮಿಂಚುತ್ತಿದ್ದಾಗ, ಎರಡನೇ ದರ್ಜೆಯ ಸ್ಪ್ಯಾನಿಷ್ ಕ್ಲಬ್ಬಿನಲ್ಲಿ ಆಡುವವರತ್ತ ಆಯ್ಕೆದಾರರ ಕಣ್ಣು ಹಾಯುವುದು ಕಷ್ಟವೇ ಆಗಿತ್ತು.

ಪ್ರಶ್ನೆ: ನಾನು ದೈಹಿಕ ಶಿಕ್ಷಣ ಶಿಕ್ಷಕ. ನಮ್ಮ ಹುಡುಗರು ಸ್ಟ್ರೈಕರ್ ಎಂದರೆ ಜೋರಾಗಿ ಓಡುವವನು ಎಂದುಕೊಂಡಿದ್ದಾರೆ. ಒಗ್ಬೆಚೆ ಆಟದಿಂದ ಅವರಿಗೆ ಏನು ತೋರಿಸಬಹುದು?
– ಶಿಕ್ಷಕರು, ಕಲಬುರಗಿ

ಉತ್ತರ: ತುಂಬ ಒಳ್ಳೆಯ ಪ್ರಶ್ನೆ, ಸರ್. 37ರ ವಯಸ್ಸಿನಲ್ಲಿ ಅವರು ಗೋಲು ಹೊಡೆದದ್ದು ಓಟದ ಬಲದಿಂದ ಅಲ್ಲ. 2021ರ ಮಾರ್ಚ್ 13ರಂದು ನಡೆದ ಮುಂಬೈ ಸಿಟಿ ಮತ್ತು ಎಟಿಕೆ ಮೋಹನ್ ಬಗಾನ್ ನಡುವಿನ ಫೈನಲ್‌ನ 90ನೇ ನಿಮಿಷವನ್ನು ಹುಡುಗರಿಗೆ ತೋರಿಸಿ. ಸ್ಕೋರ್ 1-1. ಎದುರಾಳಿ ಗೋಲ್‌ಕೀಪರ್ ಮುಂದೆ ಬಂದು ಚೆಂಡನ್ನು ಸರಿಯಾಗಿ ದೂರ ಕಳಿಸಲಾಗದೆ ಹೋದ ಆ ಗಳಿಗೆಯಲ್ಲಿ ಚೆಂಡು ಒಗ್ಬೆಚೆ ಬಳಿ ಇರುತ್ತದೆ. ಬೇರೆ ಯಾರಾದರೂ ಆತುರದಲ್ಲಿ ಗೋಲಿನತ್ತ ಬೀಸಿಬಿಡುತ್ತಿದ್ದರು. ಅವರು ತಾಳ್ಮೆಯಿಂದ ಚೆಂಡು ಹಿಡಿದುಕೊಂಡು, ಹೆಚ್ಚು ಅನುಕೂಲದ ಜಾಗದಲ್ಲಿದ್ದ ಬಿಪಿನ್ ಸಿಂಗ್‌ಗೆ ಕೊಡುತ್ತಾರೆ; ಬಿಪಿನ್ ಗೋಲು ಹೊಡೆಯುತ್ತಾರೆ; ಮುಂಬೈ ಕಪ್ ಗೆಲ್ಲುತ್ತದೆ.

ಆಮೇಲೆ ಹೈದರಾಬಾದ್ ಪರ ಅವರ ಆಟದ ಯಾವುದಾದರೂ ವಿಡಿಯೊ ಹಾಕಿ, ಚೆಂಡನ್ನು ಬಿಟ್ಟು ಅವರನ್ನು ಮಾತ್ರ ನೋಡುವಂತೆ ಹುಡುಗರಿಗೆ ಹೇಳಿ. 2022ರ ಜನವರಿಯಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಹ್ಯಾಟ್ರಿಕ್ ಹೊಡೆದ ಪಂದ್ಯ ಇದಕ್ಕೆ ಚೆನ್ನಾಗಿ ಒದಗುತ್ತದೆ. ಡಿಫೆಂಡರ್‌ನ ಬೆನ್ನ ಹಿಂದೆ, ಅವನ ಕಣ್ಣಿಗೆ ಬೀಳದ ಜಾಗದಲ್ಲಿ ನಿಲ್ಲುವುದು, ಕ್ರಾಸ್ (ಬದಿಯಿಂದ ಗೋಲಿನ ಮುಂದಕ್ಕೆ ಕೊಡುವ ಚೆಂಡು) ಬರುವ ಮುಂಚೆ ಒಂದೆರಡು ಹೆಜ್ಜೆ ಹಿಂದೆ ಸರಿದು ಥಟ್ಟನೆ ಮುಂದೆ ನುಗ್ಗುವುದು, ಇವನ್ನು ಕಲಿಸಲು ಹುಲ್ಲಿನ ಅಂಗಳವಾಗಲಿ ದುಬಾರಿ ಸಾಮಾನಾಗಲಿ ಬೇಡ. ನಮ್ಮ ಕಡೆಯ ಬಿಸಿಲಿನಲ್ಲಿ ಹುಡುಗರನ್ನು ಸುಮ್ಮನೆ ಸುತ್ತು ಹೊಡೆಸುವ ಬದಲು, ಬೆಳಗ್ಗೆ ಏಳರೊಳಗೆ ಮೂವರನ್ನು ನಿಲ್ಲಿಸಿ: ಒಬ್ಬ ಬದಿಯಿಂದ ಚೆಂಡು ಕೊಡಲಿ, ಒಬ್ಬ ತಡೆಯಲಿ, ಸ್ಟ್ರೈಕರ್ ಆದವನು ಒಂದೇ ಟಚ್‌ನಲ್ಲಿ ಮುಗಿಸಲಿ. ಎರಡನೇ ಟಚ್ ತೆಗೆದುಕೊಂಡರೆ ಆ ಗೋಲು ಲೆಕ್ಕಕ್ಕಿಲ್ಲ ಎಂದು ಮೊದಲೇ ಹೇಳಿಬಿಡಿ.