ಫೈರ್ ಕೆಲಸದವರು ಬೇಗ ಸಾಯುತ್ತಾರಾ? ನಿಮ್ಮ ಅಮ್ಮನಿಗೆ ಓದಿ ಹೇಳಿ

ನಿಮ್ಮ ಪ್ರಶ್ನೆ ಓದಿದೆ. ತಮ್ಮನಿಗೆ ಅಗ್ನಿಶಾಮಕ ಇಲಾಖೆಯಲ್ಲಿ ಫೈರ್‌ಮನ್ ಕೆಲಸ ಸಿಕ್ಕಿದೆ. ಅಷ್ಟರಲ್ಲಿ ಯಾರೋ ನೆಂಟರು ಬಂದು "ಪೊಲೀಸು, ಫೈರು ಇವರೆಲ್ಲ ರಿಟೈರ್ ಆದ ಐದೇ ವರ್ಷಕ್ಕೆ ಹೋಗಿಬಿಡ್ತಾರಂತೆ" ಅಂದಿದ್ದಾರೆ. ಅಮ್ಮ ಆರ್ಡರ್ ಕಾಪಿಯನ್ನು ದೇವರ ಮುಂದೆ ಇಟ್ಟು ಅಳುತ್ತಿದ್ದಾರೆ. ಇದು ನಿಜವಾ, ತಮ್ಮನನ್ನು ಕಳಿಸಬಹುದಾ ಅಂತ ಕೇಳಿದ್ದೀರಿ.

ನಾನು 34 ವರ್ಷ ಇದೇ ಕೆಲಸ ಮಾಡಿದವನು. ಫೈರ್‌ಮನ್ ಆಗಿ ಸೇರಿ, ಲೀಡಿಂಗ್ ಫೈರ್‌ಮನ್ ಆಗಿ, ಕೊನೆಗೆ ಸ್ಟೇಷನ್ ಆಫೀಸರ್ ಆಗಿ 60ಕ್ಕೆ ನಿವೃತ್ತನಾದೆ. ಈಗ ನನಗೆ 67. ಅಮ್ಮನಿಗೆ ಓದಿ ಹೇಳುವ ಹಾಗೆ ಬರೆಯುತ್ತೇನೆ. ಸಮಾಧಾನದ ಮಾತೂ ಇದೆ, ಎಚ್ಚರದ ಮಾತೂ ಇದೆ. ಎರಡನ್ನೂ ಮುಚ್ಚಿಡುವುದಿಲ್ಲ.

ಮೊದಲು ಆ ಐದು ವರ್ಷದ ಮಾತು. ಅದು ನಿಜವಲ್ಲ. ಪ್ರತಿ ನವೆಂಬರ್‌ನಲ್ಲಿ ಬ್ಯಾಂಕಿಗೆ ಲೈಫ್ ಸರ್ಟಿಫಿಕೇಟ್ ಕೊಡಲು ಹೋಗುತ್ತೇವಲ್ಲ, ಅಲ್ಲಿ ನನ್ನ ಜೊತೆ ಟ್ರೇನಿಂಗ್ ಮಾಡಿದವರು ಸಿಗುತ್ತಾರೆ. ಒಬ್ಬರಿಗೆ ಮಂಡಿ ನೋವು, ಒಬ್ಬರಿಗೆ ಶುಗರ್, ಇನ್ನೊಬ್ಬರು ಮೊಮ್ಮಗನನ್ನು ಸ್ಕೂಟರ್ ಮುಂದೆ ನಿಲ್ಲಿಸಿಕೊಂಡು ಬರುತ್ತಾರೆ. ರಿಟೈರ್ ಆಗಿ ಇಪ್ಪತ್ತು ವರ್ಷ ದಾಟಿದ ನಮ್ಮ ಡ್ರಿಲ್ ಮಾಸ್ತರರು ಈಗಲೂ ಕೋಲೂರಿಕೊಂಡು ಬಂದು ಸಾಲಿನಲ್ಲಿ ನೆಟ್ಟಗೆ ನಿಲ್ಲುತ್ತಾರೆ. ಬಾರದೇ ಹೋದವರೂ ಇದ್ದಾರೆ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈ ಮಾತು ಹುಟ್ಟುವುದೇ ಲೆಕ್ಕದ ಒಂದು ತಪ್ಪಿನಿಂದ. ಸರ್ವೀಸ್‌ನಲ್ಲಿ ಇರುವಾಗಲೇ ತೀರಿಕೊಂಡವರ ವಯಸ್ಸನ್ನು ಕೂಡಿ ಭಾಗಿಸಿದರೆ 45, 50 ಅಂತ ಬರುತ್ತದೆ. ಬರಲೇಬೇಕು. 60 ದಾಟಿದವರು ಒಬ್ಬರೂ ಆ ಪಟ್ಟಿಯಲ್ಲಿ ಇಲ್ಲವಲ್ಲ! ಮೇಷ್ಟ್ರುಗಳದ್ದು, ಬ್ಯಾಂಕಿನವರದ್ದು ಹೀಗೇ ಲೆಕ್ಕ ಹಾಕಿದರೂ ಅರವತ್ತರ ಒಳಗೇ ನಿಲ್ಲುತ್ತದೆ. ಬದುಕಿರುವವರನ್ನು ಬಿಟ್ಟು ಆಯಸ್ಸಿನ ಲೆಕ್ಕ ಹಾಕಿದರೆ ಸರಿ ಬರಲ್ಲ ಅಲ್ವಾ?

ಅಮೆರಿಕದಲ್ಲೂ ಇದೇ ಮಾತು ಬಹಳ ವರ್ಷ ಓಡಾಡಿದೆ. ಕ್ಯಾಲಿಫೋರ್ನಿಯಾದ ಸರ್ಕಾರಿ ನೌಕರರ ಪಿಂಚಣಿ ನೋಡಿಕೊಳ್ಳುವ ಸಂಸ್ಥೆ ತನ್ನ ಲೆಕ್ಕ ತೆಗೆದು ನೋಡಿತು. ನಿವೃತ್ತ ಪೊಲೀಸರು, ಫೈರ್‌ನವರು ಉಳಿದ ನಿವೃತ್ತ ನೌಕರರಷ್ಟೇ ವಯಸ್ಸಿನವರೆಗೆ ಬದುಕುತ್ತಿದ್ದರು. 2013ರಲ್ಲಿ ಇನ್ನೊಂದು ದೊಡ್ಡ ಅಧ್ಯಯನ ಬಂತು. ಸ್ಯಾನ್ ಫ್ರಾನ್ಸಿಸ್ಕೊ, ಶಿಕಾಗೊ, ಫಿಲಡೆಲ್ಫಿಯಾ ಈ ಮೂರು ಊರುಗಳ ಸುಮಾರು 30,000 ಫೈರ್‌ನವರನ್ನು 1950ರಿಂದ 2009ರವರೆಗೆ ಲೆಕ್ಕಕ್ಕೆ ಹಿಡಿದರು. ಎಲ್ಲ ಕಾರಣದ ಸಾವುಗಳನ್ನೂ ಸೇರಿಸಿದರೆ ಅವರ ಆಯಸ್ಸು ಸಾಮಾನ್ಯ ಜನರ ಹಾಗೇ ಇತ್ತು.

ಅಮ್ಮನಿಗೆ ಇಷ್ಟು ಧೈರ್ಯವಾಗಿ ಹೇಳಿ. ನಿಮಗೆ ಮಾತ್ರ ಇನ್ನೊಂದು ಮಾತು. ನಮ್ಮ ಕೆಲಸಕ್ಕೆ ಸೇರುವ ಹುಡುಗರು ಓಟ ಓಡಿ, ಹಗ್ಗ ಹತ್ತಿ, ಎದೆ ಅಳತೆ ಕೊಟ್ಟು, ಮೆಡಿಕಲ್ ಪಾಸಾಗಿ ಬಂದವರು. ಶುರುವಿನಲ್ಲೇ ಊರಿನ ಉಳಿದವರಿಗಿಂತ ಗಟ್ಟಿ. ಗಟ್ಟಿ ಇದ್ದವರು ಉಳಿದವರಿಗಿಂತ ಜಾಸ್ತಿ ಬದುಕಬೇಕಿತ್ತು. ಬರೀ ಉಳಿದವರಷ್ಟೇ ಬದುಕುತ್ತಾರೆ ಅಂದರೆ, ನಡುವೆ ಕೆಲಸ ಏನನ್ನೋ ಕಿತ್ತುಕೊಂಡಿದೆ ಅಂತ ಅರ್ಥ. ಕಿತ್ತುಕೊಳ್ಳುವುದು ಏನು ಅನ್ನುವುದೇ ನಿಮ್ಮ ತಮ್ಮನಿಗೆ ಬೇಕಾದ ವಿಷಯ.

ಜನ ಬೆಂಕಿ ಅಂದುಕೊಳ್ಳುತ್ತಾರೆ. ಬೆಂಕಿಯಲ್ಲಿ ನಮ್ಮವರು ಸತ್ತಿಲ್ಲ ಅಂತಲ್ಲ. 1944ರ ಏಪ್ರಿಲ್ 14ರಂದು ಬಾಂಬೆಯ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕಿನ್ ಅನ್ನುವ ಹಡಗಿಗೆ ಬೆಂಕಿ ಬಿತ್ತು. ಒಂದೇ ಹಡಗಿನಲ್ಲಿ ಹತ್ತಿಯ ಬೇಲುಗಳೂ ಇದ್ದವು, ಮದ್ದುಗುಂಡೂ ಇತ್ತು. ಆರಿಸಲು ಹೋದ 66 ಜನ ಫೈರ್‌ನವರು ಸ್ಫೋಟದಲ್ಲಿ ಹೋದರು. ಅದಕ್ಕೇ ಪ್ರತಿ ವರ್ಷ ಅದೇ ದಿನ ದೇಶದ ಎಲ್ಲ ಸ್ಟೇಷನ್‌ಗಳಲ್ಲೂ ಅಗ್ನಿಶಾಮಕ ಸೇವಾ ಸಪ್ತಾಹ ಶುರುವಾಗುತ್ತದೆ. 2015ರ ಮೇ ತಿಂಗಳಲ್ಲಿ ಮುಂಬೈನ ಕಾಲ್ಬಾದೇವಿಯಲ್ಲಿ ಹಳೇ ಕಟ್ಟಡದ ಬೆಂಕಿಗೆ ದಳದ ಮುಖ್ಯಸ್ಥರೂ ಸೇರಿ ನಾಲ್ವರು ಅಧಿಕಾರಿಗಳು ಬಲಿಯಾದರು. ಆ ಸುದ್ದಿ ಬಂದ ರಾತ್ರಿ ನಮ್ಮ ಸ್ಟೇಷನ್ನಿನ ವಾಚ್ ರೂಮಿನಲ್ಲಿ ಯಾರೂ ಊಟ ಮಾಡಲಿಲ್ಲ. ಆದರೂ ನನ್ನ 34 ವರ್ಷದಲ್ಲಿ ನಾನು ಕಳೆದುಕೊಂಡ ಜೊತೆಗಾರರಲ್ಲಿ ಒಬ್ಬರೂ ಉರಿಯೊಳಗೆ ಹೋದವರಲ್ಲ.

ಒಬ್ಬರ ಕಥೆ ಹೇಳುತ್ತೇನೆ. ನನಗಿಂತ ಎರಡು ವರ್ಷ ಸೀನಿಯರ್, ನಾವೆಲ್ಲ ಅಣ್ಣ ಅಂತಲೇ ಕರೆಯುತ್ತಿದ್ದೆವು. ರಾತ್ರಿ ಎರಡು ಗಂಟೆಗೆ ಪ್ಲಾಸ್ಟಿಕ್ ಗೋಡೌನಿನ ಕಾಲ್ ಬಂತು. ಗಾಢ ನಿದ್ದೆಯಲ್ಲಿದ್ದವರು ಬೆಲ್ ಹೊಡೆದ ತಕ್ಷಣ ಎದ್ದು ಗಾಡಿ ಹತ್ತಿದೆವು. ಅಣ್ಣ ಮುಕ್ಕಾಲು ಗಂಟೆ ಬ್ರಾಂಚ್, ಅಂದರೆ ನೀರಿನ ಪೈಪಿನ ಮೂತಿ, ಹಿಡಿದು ನೀರು ಹೊಡೆದರು. ಆಮೇಲೆ ಬಂದು ವಾಟರ್ ಟೆಂಡರಿನ (ನೀರು ತುಂಬಿದ ನಮ್ಮ ಗಾಡಿ) ಫುಟ್‌ಬೋರ್ಡ್ ಮೇಲೆ ಕೂತರು. ಹೆಲ್ಮೆಟ್ ತೆಗೆದು ಪಕ್ಕಕ್ಕಿಟ್ಟರು. ಮೈಯೆಲ್ಲ ಬೆವರು. ಬೆಂಕಿ ಮುಂದಿನ ಕೆಲಸ, ಬೆವರದೇ ಇನ್ನೇನು ಅಂದುಕೊಂಡೆವು. "ಗ್ಯಾಸ್ಟ್ರಿಕ್ ಇರಬೇಕು ಕಣೋ, ಎದೆ ಉರೀತಾ ಇದೆ, ಒಂದು ಸೋಡಾ ಸಿಗುತ್ತಾ ನೋಡು" ಅಂದರು. ಆ ಹೊತ್ತಲ್ಲಿ ಸೋಡಾ ಎಲ್ಲಿ ಸಿಗಬೇಕು? ನಾನು ಬಾಟಲಿಯಲ್ಲಿ ನೀರು ಕೊಟ್ಟೆ. ಎರಡು ಗುಟುಕು ಕುಡಿದು ಬಲಕ್ಕೆ ವಾಲಿದರು. ಅವರಿಗೆ ಆಗ 46.

ಅದು ಹಾರ್ಟ್ ಅಟ್ಯಾಕ್ ಅಂತ ಇವತ್ತಾದರೆ ನೋಡಿದ ಕೂಡಲೇ ಹೇಳುತ್ತಿದ್ದೆ. ಅವತ್ತು ನನಗೆ ಗೊತ್ತಿರಲಿಲ್ಲ.

ಈ ಬಗ್ಗೆಯೂ 2007ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಬಂದಿದೆ. ಅಲ್ಲಿ ಡ್ಯೂಟಿ ಮೇಲೆ ತೀರಿಕೊಂಡ ಫೈರ್‌ನವರಲ್ಲಿ 10ಕ್ಕೆ 4 ಜನ ಹೃದಯದ ಕಾಯಿಲೆಯಿಂದ ಹೋದವರು. ಬೆಂಕಿ ಆರಿಸುವ ಕೆಲಸ ವರ್ಷದ ಡ್ಯೂಟಿಯಲ್ಲಿ ನೂರಕ್ಕೆ ಒಂದರಿಂದ ಐದು ಪಾಲು ಮಾತ್ರ. ಆದರೆ ಆ ಹೃದಯದ ಸಾವುಗಳಲ್ಲಿ ಸುಮಾರು ಮೂರರಲ್ಲಿ ಒಂದು ಅದೇ ಹೊತ್ತಿನಲ್ಲಿ ಆಗಿದೆ. ಯಾಕೆ ಅಂದರೆ ಎಲ್ಲ ಒಟ್ಟಿಗೆ ಬಂದು ಬೀಳುತ್ತದೆ. ನಿದ್ದೆಯಲ್ಲಿದ್ದ ಎದೆ ಬೆಲ್ ಶಬ್ದಕ್ಕೆ ಒಮ್ಮೆಲೇ ಓಡಲು ಶುರು. ಬೆನ್ನ ಮೇಲೆ 10-15 ಕೆಜಿಯ ಉಸಿರಾಟದ ಗಾಳಿ ಸಿಲಿಂಡರ್ ಸೆಟ್. ಬಿಸಿಗೆ ಮೈಯ ನೀರೆಲ್ಲ ಬೆವರಾಗಿ ಹೋಗಿ ರಕ್ತ ಗಟ್ಟಿಯಾಗುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಆ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದು ಕೂರುತ್ತದೆ. ಬಿಪಿ ಇದ್ದು ಮಾತ್ರೆ ಬಿಟ್ಟವರು, ಬೀಡಿ ಸಿಗರೇಟು ಸೇದುವವರು, ಹೊಟ್ಟೆ ಬಂದವರು ಈ ಹೊಡೆತ ತಡೆಯಲಾರರು. ನಮ್ಮಣ್ಣನಿಗೆ ಬಿಪಿ ಇತ್ತು. ಸೇರಿದಾಗ ಮಾಡಿದ ಮೆಡಿಕಲ್ ಆದಮೇಲೆ ಅವರ ಎದೆಗೆ ಯಾರೂ ಇಸಿಜಿ ಹಚ್ಚಿರಲಿಲ್ಲ.

ಎರಡನೆಯದು ಹೊಗೆ. ಇದರ ಬಗ್ಗೆ ನನಗೆ ತುಂಬಾ ಹೇಳುವುದಿದೆ.

ಉರಿ ಇರುವಾಗ ಎಲ್ಲರಿಗೂ ಭಯ ಇರುತ್ತದೆ, ಬಿ.ಎ. ಸೆಟ್ ಹಾಕಿಕೊಳ್ಳುತ್ತಾರೆ. ಬಿ.ಎ. ಸೆಟ್ ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್, ಮುಖಕ್ಕೆ ಮಾಸ್ಕ್. 6 ಲೀಟರ್ ಸಿಲಿಂಡರಿನಲ್ಲಿ 300 ಬಾರ್ ಒತ್ತಡದ ಗಾಳಿ ತುಂಬಿರುತ್ತದೆ. ಮೈಮುರಿದು ಕೆಲಸ ಮಾಡಿದರೆ ಅರ್ಧ ಗಂಟೆ ಬಂದರೆ ಹೆಚ್ಚು. 50-55 ಬಾರ್‌ಗೆ ಇಳಿದಾಗ ಸೀಟಿ ಹೊಡೆಯುತ್ತದೆ, ಆಗ ಹೊರಗೆ ಬರಲೇಬೇಕು. ಉರಿ ಆರಿದ ಮೇಲೆ ಡ್ಯಾಂಪಿಂಗ್ ಡೌನ್ ಅಂತ ಇರುತ್ತದೆ. ಸುಟ್ಟ ರಾಶಿಯನ್ನು ಕೆದಕಿ ಕೆದಕಿ, ಒಳಗೆ ಉಳಿದ ಕೆಂಡಕ್ಕೆ ನೀರು ಹೊಡೆಯುವುದು. ಒಮ್ಮೊಮ್ಮೆ ಬೆಳಗಿನವರೆಗೂ ನಡೆಯುತ್ತದೆ. ಆಗ ಉರಿ ಕಾಣಲ್ಲ, ಸಿಲಿಂಡರೂ ಖಾಲಿ. ಮಾಸ್ಕ್ ಕಳಚಿ ಬರೀ ಟವೆಲ್ ಕಟ್ಟಿಕೊಂಡು ನಿಲ್ಲುತ್ತಿದ್ದೆವು. ಸೋಫಾದ ಫೋಮ್, ವೈರು, ಪೇಂಟು, ಪ್ಲಾಸ್ಟಿಕ್ಕು ಎಲ್ಲ ಕಮರುತ್ತಾ ಇರುವ ಹೊತ್ತು ಅದು. ಗೋಡೌನಿನ ಮಾಡಿನ ಆಸ್ಬೆಸ್ಟಾಸ್ ಶೀಟು ಬಿಸಿಗೆ ಪಟಪಟ ಸಿಡಿದು ಪುಡಿಯಾಗಿ ಬಿದ್ದಿರುತ್ತದೆ. ಅದನ್ನೇ ತುಳಿದು, ಕೆದಕಿ, ಉಸಿರಾಡಿದ್ದೇವೆ. ಮೂರು ದಿನ ಮೂಗಿನಿಂದ ಕಪ್ಪು ಬರುತ್ತಿತ್ತು. ಬೆಲ್ಲ ತಿಂದರೆ ಹೋಗುತ್ತದೆ ಅನ್ನುತ್ತಿದ್ದರು, ತಿನ್ನುತ್ತಿದ್ದೆವು.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಬೆಂಕಿ ಆರಿಸುವ ವೃತ್ತಿಯನ್ನೇ ಕ್ಯಾನ್ಸರ್ ತರುವ ಮೊದಲನೇ ಗುಂಪಿಗೆ ಸೇರಿಸಿತು. ತಂಬಾಕಿನ ಹೊಗೆ, ಆಸ್ಬೆಸ್ಟಾಸ್ ಇರುವುದೂ ಅದೇ ಗುಂಪಿನಲ್ಲಿ. ಇದನ್ನು ಓದಿ ಗಾಬರಿಯಾಗಬೇಡಿ. ಸಾಕ್ಷಿ ಎಷ್ಟು ಗಟ್ಟಿ ಅನ್ನುವುದನ್ನು ಆ ಗುಂಪು ಹೇಳುತ್ತದೆ. ಎಷ್ಟು ಜನಕ್ಕೆ ಬರುತ್ತದೆ ಅಂತ ಹೇಳುವುದಿಲ್ಲ. ಗಟ್ಟಿ ಸಾಕ್ಷಿ ಸಿಕ್ಕಿರುವುದು ಮೂತ್ರಕೋಶದ ಕ್ಯಾನ್ಸರಿಗೆ ಮತ್ತು ಶ್ವಾಸಕೋಶದ ಹೊರಪದರಕ್ಕೆ ಆಸ್ಬೆಸ್ಟಾಸ್‌ನಿಂದ ಬರುವ ಕ್ಯಾನ್ಸರಿಗೆ. ನಾನು ಮೇಲೆ ಹೇಳಿದ 30,000 ಜನರ ಅಧ್ಯಯನದಲ್ಲಿ ಕ್ಯಾನ್ಸರ್ ಬಂದವರು ಸಾಮಾನ್ಯ ಜನರಿಗಿಂತ ಶೇ. 9ರಷ್ಟು ಹೆಚ್ಚು, ಅದರಿಂದ ಸತ್ತವರು ಶೇ. 14ರಷ್ಟು ಹೆಚ್ಚು ಇದ್ದರು. ನ್ಯೂಯಾರ್ಕಿನಲ್ಲಿ 2001ರ ಸೆಪ್ಟೆಂಬರ್ 11ರಂದು 343 ಜನ ಫೈರ್‌ನವರು ಸತ್ತರು. ಅವತ್ತಿನ ಧೂಳು ಹೊಗೆಯಿಂದ ಕಾಯಿಲೆ ಬಿದ್ದು ಆಮೇಲೆ ತೀರಿಕೊಂಡವರ ಸಂಖ್ಯೆ 2023ರಲ್ಲಿ ಅದೇ 343ಕ್ಕೆ ಬಂದು ಮುಟ್ಟಿತು.

ಈ ವಿಷಯದಲ್ಲಿ ನನ್ನನ್ನು ಈಗಲೂ ಚುಚ್ಚುವುದು ನನ್ನ ಡಂಗ್ರಿ, ಅಂದರೆ ಕೆಲಸಕ್ಕೆ ಹಾಕುವ ಬಟ್ಟೆ. ಕಾಲ್ ಮುಗಿಸಿ ಬೆಳಿಗ್ಗೆ ಅದೇ ಡಂಗ್ರಿಯಲ್ಲಿ ಮನೆಗೆ ಬರುತ್ತಿದ್ದೆ. ಮಗಳು ಓಡಿ ಬಂದು ಕುತ್ತಿಗೆಗೆ ಜೋತು ಬೀಳುತ್ತಿದ್ದಳು. ಹೆಂಡತಿ ಅದನ್ನು ಮನೆಯವರೆಲ್ಲರ ಬಟ್ಟೆ ಜೊತೆ ಒಂದೇ ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದಳು. ನೀರು ಸೀಮೆಎಣ್ಣೆ ಬಿದ್ದ ಹಾಗೆ ಮೇಲೆ ಬಣ್ಣಬಣ್ಣವಾಗಿ ತೇಲುತ್ತಿತ್ತು. ಎರಡು ಸಲ ಜಾಲಿಸಿದರೂ ವಾಸನೆ ಹೋಗುತ್ತಿರಲಿಲ್ಲ. ಮಸಿಯಲ್ಲಿರುವ ವಿಷ ಮೂಗಿನಿಂದ ಮಾತ್ರವಲ್ಲ, ಬೆವೆತ ಚರ್ಮದಿಂದಲೂ ಒಳಗೆ ಹೋಗುತ್ತದೆ, ಕುತ್ತಿಗೆಯ ಹತ್ತಿರ ಜಾಸ್ತಿ ಅಂತ ನನಗೆ ಆಗ ಯಾರೂ ಹೇಳಿಕೊಟ್ಟಿರಲಿಲ್ಲ. ಮಸಿ ಹಿಡಿದ ಹೆಲ್ಮೆಟ್ ಇದ್ದವನೇ ನಿಜವಾದ ಫೈರ್‌ಮನ್ ಅನ್ನುವ ಕಾಲ ಅದು. ನಿಮ್ಮ ತಮ್ಮ ಆ ಮಾತನ್ನು ನಂಬದಿರಲಿ.

ಇನ್ನು ಎರಡು ಅಪಾಯ ಬೇಗ ಹೇಳಿಬಿಡುತ್ತೇನೆ. ಒಂದು, ಬಾವಿ ಮತ್ತು ಗುಂಡಿ. ಹಳೇ ಬಾವಿಗೆ, ಸೆಪ್ಟಿಕ್ ಟ್ಯಾಂಕಿಗೆ ಬಿದ್ದವರನ್ನು ಎತ್ತಲು ನಮ್ಮನ್ನೇ ಕರೆಯುತ್ತಾರೆ. ಒಳಗೆ ಗಾಳಿ ಕೆಟ್ಟಿದ್ದರೆ ಎರಡು ಉಸಿರಿಗೆ ಕೈಕಾಲು ಬಿದ್ದುಹೋಗುತ್ತದೆ. ಮೇಲೆ ನಿಂತ ಜನ "ಬೇಗ ಇಳೀರಿ" ಅಂತ ಕೂಗುತ್ತಾರೆ. ಯಾರು ಕೂಗಿದರೂ ಬಿ.ಎ. ಸೆಟ್, ಸೊಂಟಕ್ಕೆ ಹಗ್ಗ ಇಲ್ಲದೆ ಇಳಿಯಬಾರದು. ಇನ್ನೊಂದು, ರಸ್ತೆ. ಸಾವಿರಾರು ಲೀಟರ್ ನೀರು ತುಂಬಿದ ಗಾಡಿ ತಿರುವಿನಲ್ಲಿ ವಾಲುತ್ತದೆ. ಸೀಟ್ ಬೆಲ್ಟ್ ಇದ್ದರೆ ಹಾಕಿಕೊಳ್ಳಲಿ.

ಪೊಲೀಸರ ವಿಷಯವೂ ಕೇಳಿದ್ದೀರಿ. ಅದು ನನ್ನ ಕೆಲಸವಲ್ಲ, ಆದರೆ ಅಕ್ಕಪಕ್ಕ ನಿಂತು ನೋಡಿದ್ದೇನೆ. ಅವರನ್ನು ತಿನ್ನುವುದು ನಿದ್ದೆ ಇಲ್ಲದಿರುವುದು. 2014ರಲ್ಲಿ ಕೇಂದ್ರದ ಪೊಲೀಸ್ ಸಂಶೋಧನಾ ಬ್ಯೂರೋ ಮಾಡಿಸಿದ ಅಧ್ಯಯನದ ಪ್ರಕಾರ ಠಾಣೆಗಳಲ್ಲಿ 10ರಲ್ಲಿ 9 ಜನ ದಿನಕ್ಕೆ 8 ಗಂಟೆಗಿಂತ ಹೆಚ್ಚು ದುಡಿಯುತ್ತಾರೆ. ಬಂದೋಬಸ್ತ್ ಬಿದ್ದರೆ ಊಟಕ್ಕೂ ಹೊತ್ತಿಲ್ಲ. ಬಿಪಿ, ಶುಗರ್ ಅಲ್ಲಿಂದಲೇ ಶುರುವಾಗುವುದು.

ಹಾಗಾದರೆ ತಮ್ಮನನ್ನು ಕಳಿಸಬಹುದಾ? ಕಳಿಸಿ. ನನ್ನ ಮಗ ಹೋಗುತ್ತೇನೆ ಅಂದಿದ್ದರೂ ಕಳಿಸುತ್ತಿದ್ದೆ. ಬಾವಿಯಿಂದ ಎತ್ತಿದ ಹುಡುಗನೊಬ್ಬ ದೊಡ್ಡವನಾಗಿ, ಮದುವೆಯ ಲಗ್ನಪತ್ರಿಕೆ ಹಿಡಿದು ನನ್ನ ಮನೆ ಹುಡುಕಿಕೊಂಡು ಬಂದ. ಅಂಥದ್ದು ಬೇರೆ ಯಾವ ಕೆಲಸದಲ್ಲಿ ಸಿಗುತ್ತದೋ ಗೊತ್ತಿಲ್ಲ.

ಆದರೆ ಕಳಿಸುವಾಗ ಹೀಗೆ ಹೇಳಿ ಕಳಿಸಿ. ಡ್ಯಾಂಪಿಂಗ್ ಡೌನ್ ಮುಗಿಯುವವರೆಗೂ ಮಾಸ್ಕ್ ತೆಗೆಯಬಾರದು. ಗಾಳಿ ಮುಗಿದರೆ ಹೊರಗೆ ಬಂದು ಸಿಲಿಂಡರ್ ಬದಲಾಯಿಸಲಿ. ಸೀನಿಯರ್‌ಗಳು "ಏನೋ ಭಯನಾ?" ಅಂದರೆ ಅನ್ನಲಿ. ಕಾಲ್ ಮುಗಿದ ಕೂಡಲೇ ಒದ್ದೆ ಬಟ್ಟೆಯಲ್ಲಿ ಮುಖ, ಕುತ್ತಿಗೆ, ಕೈ ಒರೆಸಿಕೊಂಡು, ಸ್ಟೇಷನ್ ಮುಟ್ಟಿದ ಗಂಟೆಯೊಳಗೆ ಸೋಪು ಹಚ್ಚಿ ಸ್ನಾನ ಮಾಡಲಿ. ಮಸಿ ಹತ್ತಿದ ಬಟ್ಟೆಯನ್ನು ಸ್ಟೇಷನ್ನಿನಲ್ಲೇ ಬೇರೆಯಾಗಿ ಒಗೆಯಲಿ, ಮನೆಗೆ ತರುವುದು ಬೇಡ. ಸಿಗರೇಟು ಮುಟ್ಟದಿರಲಿ. ಮೂವತ್ತು ದಾಟಿದ ಮೇಲೆ ವರ್ಷಕ್ಕೊಮ್ಮೆ ಬಿಪಿ, ಶುಗರ್, ಇಸಿಜಿ ನೋಡಿಸಿಕೊಳ್ಳಲಿ, ಇಲಾಖೆ ಮಾಡಿಸದಿದ್ದರೂ ತನ್ನ ದುಡ್ಡಲ್ಲಿ. ಮೂತ್ರದಲ್ಲಿ ರಕ್ತ ಕಂಡರೆ ಉಷ್ಣ ಅಂತ ಎಳನೀರು ಕುಡಿದು ಸುಮ್ನೆ ಕೂರದೆ ಡಾಕ್ಟರ ಹತ್ತಿರ ಹೋಗಲಿ. ತನ್ನ ಕೆಲಸ ಏನು ಅಂತ ಡಾಕ್ಟರಿಗೆ ಬಾಯಿ ಬಿಟ್ಟು ಹೇಳಲಿ.

ಜೊತೆಯವನು ಕಾಲ್ ಮುಗಿಸಿ ಬಂದು, ಬೆವರುತ್ತಾ ಎದೆ ಉರಿ ಅಂದರೆ ಗಾಡಿಯನ್ನು ನೇರ ಆಸ್ಪತ್ರೆಗೆ ತಿರುಗಿಸಲಿ. ಸೋಡಾ ಹುಡುಕಲು ಹೋಗುವುದು ಬೇಡ.

ತಮ್ಮನ ಟ್ರೇನಿಂಗ್ ಶುರುವಾದ ಮೇಲೆ ಅವನಿಗೆ ಏನಾದರೂ ಕೇಳುವುದಿದ್ದರೆ ಇಲ್ಲೇ ಕೆಳಗೆ ಬರೆಯಲು ಹೇಳಿ. ರಾತ್ರಿ ನನಗೆ ಈಗಲೂ ಎರಡು ಗಂಟೆಗೆ ಎಚ್ಚರವಾಗುತ್ತದೆ, ಆಗ ಕೂತು ಉತ್ತರ ಬರೆಯುತ್ತೇನೆ.