ಬದಿಯಡ್ಕದ ಮನೆಯಿಂದ ಮಂಗಳೂರಿನ ಆಫೀಸ್ ಕಂಪ್ಯೂಟರಿಗೆ: ಒಂದು ಸಾಲಿನ ಕಮಾಂಡ್

ಪ್ರಶ್ನೆ: ಸರ್, ನನ್ನ ಮನೆ ಬದಿಯಡ್ಕದಿಂದ ಸ್ವಲ್ಪ ಒಳಗೆ. ಮಂಗಳೂರಿನ ಒಂದು ಅಡಿಕೆ ವ್ಯಾಪಾರದ ಆಫೀಸಿನ ಲೆಕ್ಕ ನೋಡಿಕೊಳ್ಳುತ್ತೇನೆ. ವಾರಕ್ಕೆ ಎರಡು ದಿನ ಬಸ್ಸಿನಲ್ಲಿ ಹೋಗುವುದು, ಉಳಿದ ದಿನ ಮನೆಯಿಂದಲೇ ಕೆಲಸ. ಅಲ್ಲಿರುವುದು ವಿಂಡೋಸ್ ಮತ್ತು ಟ್ಯಾಲಿ. ಇಲ್ಲಿರುವುದು 4 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪ್, ಅದಕ್ಕೆ ಮಗ ಉಬುಂಟು 22.04 ಹಾಕಿಕೊಟ್ಟಿದ್ದಾನೆ. ಆಫೀಸಿನವರು ರೂಟರ್‌ನಲ್ಲಿ 3389 ಪೋರ್ಟ್ ತೆರೆದು ಕೊಟ್ಟಿದ್ದಾರೆ. ರೆಮಿನಾ ಎಂಬ ಪ್ರೋಗ್ರಾಂನಲ್ಲಿ ಆ ಕಂಪ್ಯೂಟರಿಗೆ ಕನೆಕ್ಟ್ ಆಗುತ್ತದೆ, ಆದರೆ ತುಂಬ ನಿಧಾನ. ಮಳೆ ಬಂದರೆ ಕೇಳುವುದೇ ಬೇಡ, ಮಧ್ಯೆ ಮಧ್ಯೆ ನಿಂತೇ ಹೋಗುತ್ತದೆ. ಟರ್ಮಿನಲ್‌ನಿಂದ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದರೆ ಸ್ಪೀಡ್ ಬರುತ್ತದೆ ಎಂದು ಮಗ ಹೇಳುತ್ತಾನೆ, ಹೌದಾ?

ಉತ್ತರ: ನಿಮ್ಮ ಪ್ರಶ್ನೆ ಸ್ಪೀಡಿನದ್ದು. ಆದರೆ ಪೋರ್ಟಿನ ಬಗ್ಗೆ ನೀವು ಬರೆದ ಆ ಒಂದು ಮಾತು ಓದಿ ನನಗೆ ಗಾಬರಿಯಾಯಿತು. ಅದನ್ನೇ ಮೊದಲು ಹೇಳುತ್ತೇನೆ.

3389 ಎಂಬುದು ವಿಂಡೋಸ್ ಕಂಪ್ಯೂಟರನ್ನು ದೂರದಿಂದ ಬಳಸುವ ರಿಮೋಟ್ ಡೆಸ್ಕ್‌ಟಾಪಿನ (ಆರ್‌ಡಿಪಿ) ಬಾಗಿಲು. ಅದನ್ನು ರೂಟರ್‌ನಲ್ಲಿ ಇಂಟರ್ನೆಟ್ಟಿಗೆ ನೇರವಾಗಿ ತೆರೆದಿಟ್ಟರೆ ನಿಮಗೊಬ್ಬರಿಗೇ ಅಲ್ಲ, ಇಡೀ ಲೋಕಕ್ಕೆ ತೆರೆದ ಹಾಗೆ. ಇಂಥ ಬಾಗಿಲು ಎಲ್ಲೆಲ್ಲಿ ತೆರೆದಿದೆ ಎಂದು ಹುಡುಕುತ್ತಾ, ಸಿಕ್ಕಿದಲ್ಲಿ ಪಾಸ್‌ವರ್ಡ್ ಊಹಿಸುತ್ತಾ ಇರುವ ಪ್ರೋಗ್ರಾಂಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. ನಂಬಿಕೆ ಬರದಿದ್ದರೆ ಮುಂದಿನ ಸಲ ಆಫೀಸಿಗೆ ಹೋದಾಗ ಆ ಕಂಪ್ಯೂಟರಿನ ಈವೆಂಟ್ ವ್ಯೂವರ್ ತೆರೆದು, ಸೆಕ್ಯುರಿಟಿ ಲಾಗ್‌ನಲ್ಲಿ 4625 ಎಂಬ ನಂಬರ್ ಹುಡುಕಿ. ಅದು ಲಾಗಿನ್ ಸೋತ ದಾಖಲೆ. ನೀವು ಯಾರೂ ಬಳಸದ ಹೆಸರುಗಳಲ್ಲಿ, ನಡುರಾತ್ರಿಯಲ್ಲಿ, ಸಾಲು ಸಾಲಾಗಿ ಇದ್ದರೆ ಯಾರೋ ಬಾಗಿಲು ತಟ್ಟುತ್ತಿದ್ದಾರೆ ಎಂದೇ ಅರ್ಥ. ಪಾಸ್‌ವರ್ಡ್ ಗಟ್ಟಿ ಉಂಟು ಎಂದು ಧೈರ್ಯ ಮಾಡಬೇಡಿ. 2019ರಲ್ಲಿ ಬ್ಲೂಕೀಪ್ ಎಂಬ ದೋಷ ಹೊರಬಂತಲ್ಲ, ಅದಕ್ಕೆ ಪಾಸ್‌ವರ್ಡೇ ಬೇಕಿರಲಿಲ್ಲ. ಎಷ್ಟು ಗಂಭೀರ ಎಂದರೆ, ಬೆಂಬಲ ನಿಲ್ಲಿಸಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಮತ್ತೆ ಪ್ಯಾಚ್ ಕೊಡಬೇಕಾಯಿತು. ಆ ಕಂಪ್ಯೂಟರಿನಲ್ಲಿ ಇರುವುದು ನಿಮ್ಮ ಧಣಿಗಳ ಇಡೀ ವ್ಯಾಪಾರದ ಲೆಕ್ಕ. ಅದನ್ನು ಯಾರಾದರೂ ಬೀಗ ಹಾಕಿ ದುಡ್ಡು ಕೇಳಿದರೆ ಮೊದಲು ಪ್ರಶ್ನೆ ಬರುವುದು ಹೊರಗಿನಿಂದ ಕೆಲಸ ಮಾಡುವ ನಿಮ್ಮ ಮೇಲೆ, ಅಲ್ವಾ?

ಹಾಗಾಗಿ ಇವತ್ತೇ ಫೋನ್ ಮಾಡಿ ಆ ಪೋರ್ಟ್ ಮುಚ್ಚಿಸಿ. 3389ರ ಬದಲು ಬೇರೆ ನಂಬರ್ ಇಟ್ಟರೆ ಸಾಕು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಹುಡುಕುವವರು ಆ ನಂಬರನ್ನೂ ಹುಡುಕುತ್ತಾರೆ. ಅದರ ಬದಲು ಎರಡು ಕಂಪ್ಯೂಟರಿನ ನಡುವೆ ಖಾಸಗಿ ದಾರಿ ಮಾಡಿಕೊಳ್ಳಿ. ವೈರ್‌ಗಾರ್ಡ್ ಆಗಬಹುದು. ಅದನ್ನು ನೀವೇ ಹೊಂದಿಸುವುದು ಕಷ್ಟ ಅನಿಸಿದರೆ ಅದರ ಮೇಲೆಯೇ ಕಟ್ಟಿದ ಟೇಲ್‌ಸ್ಕೇಲ್ ಆಗಬಹುದು. ಆಫೀಸಿನ ವಿಂಡೋಸ್‌ಗೂ ನಿಮ್ಮ ಉಬುಂಟುಗೂ ಟೇಲ್‌ಸ್ಕೇಲ್ ಹಾಕಿ ಒಂದೇ ಖಾತೆಯಲ್ಲಿ ಸೇರಿಸಿದರೆ ಎರಡಕ್ಕೂ 100ರಿಂದ ಶುರುವಾಗುವ ಒಂದೊಂದು ವಿಳಾಸ ಸಿಗುತ್ತದೆ. ಆ ವಿಳಾಸಕ್ಕೆ ನೀವು ಮಾತ್ರ ಹೋಗಬಹುದು. ರೂಟರ್ ಮುಟ್ಟುವ ಅಗತ್ಯವೇ ಇಲ್ಲ. ಆಫೀಸಿನ ನೆಟ್ ಕಂಪನಿ ಸ್ವಂತ ಪಬ್ಲಿಕ್ ವಿಳಾಸ ಕೊಡದಿದ್ದರೂ ಇದು ನಡೆಯುತ್ತದೆ. ಆದರೆ ಧಣಿಗಳಿಗೆ ಹೇಳಿ, ಒಪ್ಪಿಗೆ ತೆಗೆದುಕೊಂಡೇ ಹಾಕಿ. ಕಂಪ್ಯೂಟರ್ ಅವರದ್ದು.

ಈಗ ಸ್ಪೀಡಿನ ವಿಷಯ. ಟರ್ಮಿನಲ್ ಅಂದಕೂಡಲೇ ಸ್ಪೀಡ್ ಬರುವುದಿಲ್ಲ. ರೆಮಿನಾದ ಒಳಗೆ ಆರ್‌ಡಿಪಿ ಕೆಲಸ ಮಾಡುವುದು ಫ್ರೀಆರ್‌ಡಿಪಿ ಎಂಬ ಪ್ರೋಗ್ರಾಮೇ, ಟರ್ಮಿನಲ್‌ನಲ್ಲಿ ನೀವು ಓಡಿಸುವುದೂ ಅದನ್ನೇ. (ಹಳಬರು ಬಳಸುತ್ತಿದ್ದ ಆರ್‌ಡೆಸ್ಕ್‌ಟಾಪ್‌ನಿಂದ 2009ರಲ್ಲಿ ಕವಲೊಡೆದು ಬಂದದ್ದು ಇದು.) ಆದರೂ ನಿಮ್ಮ ಮಗನ ಮಾತಿನಲ್ಲಿ ಅರ್ಥ ಉಂಟು. ಟರ್ಮಿನಲ್‌ನಲ್ಲಿ ಏನು ಬೇಕು ಏನು ಬೇಡ ಎಂದು ನೀವೇ ಒಂದೊಂದಾಗಿ ಹೇಳಬಹುದು, ಏನಾದರೂ ಕೆಟ್ಟರೆ ಯಾಕೆ ಕೆಟ್ಟಿತು ಎಂಬ ಸಾಲು ಕಣ್ಣೆದುರೇ ಬರುತ್ತದೆ. ಕೇರಳದ ಶಾಲೆಗಳಲ್ಲಿ ಕೈಟ್‌ನವರ (ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಸರಕಾರಿ ಸಂಸ್ಥೆ) ಲಿನಕ್ಸ್ ಬಳಸಿ ಬೆಳೆದ ಮಕ್ಕಳಿಗೆ ಟರ್ಮಿನಲ್ ಎಂದರೆ ಹೆದರಿಕೆ ಇಲ್ಲ, ನೀವೂ ಅವನ ಪಕ್ಕ ಕೂತು ಒಮ್ಮೆ ಮಾಡಿ ನೋಡಿ.

ಉಬುಂಟು 22.04ರಲ್ಲಿ ಪ್ಯಾಕೇಜಿನ ಹೆಸರು ಫ್ರೀಆರ್‌ಡಿಪಿ2-ಎಕ್ಸ್11. ಎಪಿಟಿ ಇನ್‌ಸ್ಟಾಲ್‌ನಲ್ಲಿ ಸಿಗುತ್ತದೆ. 24.04ಕ್ಕೆ ಹೋದರೆ 3ರ ಆವೃತ್ತಿಯೂ ಉಂಟು, ಅದರ ಕಮಾಂಡಿನ ಕೊನೆಗೆ 3 ಸೇರುತ್ತದೆ. ಕೆಳಗಿನ ಸಾಲನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ನೀವು ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ, ಗೆರೆ ಚುಕ್ಕೆ ಯಾವುದೂ ಬಿಡದೆ ಹೊಡೆಯಬೇಕು:

ಎಕ್ಸ್‌ಫ್ರೀಆರ್‌ಡಿಪಿ /ವಿ:ಆಫೀಸಿನ-ವಿಳಾಸ /ಯು:ನಿಮ್ಮ-ಹೆಸರು /ನೆಟ್‌ವರ್ಕ್:ಮೋಡೆಮ್ /ಬಿಪಿಪಿ:16 -ವಾಲ್‌ಪೇಪರ್ -ಥೀಮ್ಸ್ +ಕ್ಲಿಪ್‌ಬೋರ್ಡ್ +ಆಟೋ-ರೀಕನೆಕ್ಟ್

‘ವಿ’ ಎಂದರೆ ಹೋಗಬೇಕಾದ ಕಂಪ್ಯೂಟರ್, ಟೇಲ್‌ಸ್ಕೇಲ್ ಕೊಟ್ಟ ಆ 100ರ ವಿಳಾಸ ಇಲ್ಲಿ ಬರಬೇಕು. ‘ಯು’ ಎಂದರೆ ವಿಂಡೋಸ್‌ನಲ್ಲಿ ನಿಮ್ಮ ಬಳಕೆದಾರ ಹೆಸರು. ‘ನೆಟ್‌ವರ್ಕ್:ಮೋಡೆಮ್’ ಎಂದರೆ ನನ್ನ ಲೈನ್ ತೆಳ್ಳಗೆ ಉಂಟು, ಅಲಂಕಾರವೆಲ್ಲ ಬೇಡ ಎಂದು ಮೊದಲೇ ತಿಳಿಸುವುದು. ಗೋಡೆಚಿತ್ರ, ಮೆನು ಜಾರಿಕೊಂಡು ಬರುವುದು, ಕಿಟಕಿ ಎಳೆಯುವಾಗ ಒಳಗಿನ ಚಿತ್ರವೂ ಜೊತೆಗೆ ಓಡುವುದು, ಇವೆಲ್ಲ ನಿಲ್ಲುತ್ತವೆ. ‘ಬಿಪಿಪಿ:16’ ಬಣ್ಣ ಕಡಿಮೆ ಮಾಡುತ್ತದೆ. ಟ್ಯಾಲಿಯ ಅಂಕಿಗಳಿಗೆ ಅಷ್ಟು ಬಣ್ಣ ಧಾರಾಳ ಸಾಕು. ಸೌಂಡ್ ಬೇಡ, ಅದನ್ನು ಸೇರಿಸಲೇ ಹೋಗಬೇಡಿ.

ಪಾಸ್‌ವರ್ಡಿಗೆ ‘ಪಿ’ ಎಂಬ ಒಂದು ಆಯ್ಕೆ ಉಂಟು, ನಾನು ಬೇಕೆಂದೇ ಬಿಟ್ಟಿದ್ದೇನೆ. ಸಾಲಿನಲ್ಲೇ ಪಾಸ್‌ವರ್ಡ್ ಬರೆದರೆ ಅದು ಟರ್ಮಿನಲ್‌ನ ಹಿಸ್ಟರಿಯಲ್ಲಿ ಉಳಿಯುತ್ತದೆ, ಲ್ಯಾಪ್‌ಟಾಪ್ ಯಾರ ಕೈಗೆ ಹೋದರೂ ಮೇಲಿನ ಬಾಣದ ಕೀ ಒತ್ತಿದರೆ ಕಾಣುತ್ತದೆ. ಬರೆಯದೆ ಬಿಟ್ಟರೆ ಅದೇ ಕೇಳುತ್ತದೆ. ಪ್ರತಿ ಸಲ ಟೈಪ್ ಮಾಡುವುದು ಕಿರಿಕಿರಿ ಅನಿಸಬಹುದು, ಆದರೂ ಹಾಗೇ ಮಾಡಿ.

ಇಷ್ಟು ಉದ್ದದ ಸಾಲನ್ನು ದಿನಾ ಹೊಡೆಯಬೇಕಾಗಿಲ್ಲ. ಹೋಂ ಫೋಲ್ಡರಿನಲ್ಲಿ ಬ್ಯಾಶ್‌ಆರ್‌ಸಿ ಎಂಬ ಅಡಗಿದ ಫೈಲ್ ಇರುತ್ತದೆ, ಅದರ ಕೊನೆಗೆ ಒಂದು ಅಲಿಯಾಸ್ (ಕಮಾಂಡಿಗೆ ಅಡ್ಡಹೆಸರು) ಸೇರಿಸಿದರೆ ‘ಆಫೀಸ್’ ಎಂದು ಹೊಡೆದರೆ ಸಾಕು. ಮಗನಿಗೆ ಹೇಳಿ, ಎರಡು ನಿಮಿಷದ ಕೆಲಸ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ರಿಮೋಟ್ ಡೆಸ್ಕ್‌ಟಾಪಿನಲ್ಲಿ ಮುಖ್ಯ ಆಗುವುದು ನೆಟ್ಟಿನ ಎಂಬಿ ಲೆಕ್ಕಕ್ಕಿಂತ ಜಾಸ್ತಿ, ಹೋಗಿಬರುವ ಹೊತ್ತು. ನೀವು ಒಂದು ಕೀ ಒತ್ತುತ್ತೀರಿ, ಅದು ಮಂಗಳೂರಿಗೆ ಹೋಗಬೇಕು, ಅಲ್ಲಿ ಅಕ್ಷರ ಮೂಡಬೇಕು, ಪರದೆಯಲ್ಲಿ ಬದಲಾದ ಆ ತುಂಡು ಮಾತ್ರ ವಾಪಸ್ ನಿಮ್ಮ ಮನೆಗೆ ಬರಬೇಕು. ಮಂಗಳೂರು ನಿಮಗೆ ಹತ್ತಿರವೇ, ಆದರೆ ನೆಟ್ ಬಸ್ಸಿನ ದಾರಿಯಲ್ಲೇ ಹೋಗಬೇಕೆಂದಿಲ್ಲ, ಎಲ್ಲೋ ಸುತ್ತಿ ಬರಬಹುದು. ಆಫೀಸಿನ ವಿಳಾಸಕ್ಕೆ ಪಿಂಗ್ (ಹೋಗಿಬರುವ ಹೊತ್ತು ಅಳೆಯುವ ಕಮಾಂಡ್) ಮಾಡಿ ನೋಡಿ. 50 ಮಿಲಿಸೆಕೆಂಡಿನ ಆಸುಪಾಸು ಇದ್ದರೆ ಪಕ್ಕದಲ್ಲೇ ಕೂತ ಹಾಗೆ ಅನಿಸುತ್ತದೆ. 300 ದಾಟಿದರೆ ಯಾವ ಆಯ್ಕೆ ಹಾಕಿದರೂ ಎಳೆದ ಹಾಗೇ ಇರುತ್ತದೆ. ಪಿಂಗ್ ಒಮ್ಮೆ 40, ಮತ್ತೊಮ್ಮೆ 900 ಎಂದು ಕುಣಿಯುತ್ತಿದ್ದರೆ ನಿಮ್ಮ ಮನೆಯೊಳಗಿನ ಸಿಗ್ನಲ್ಲೇ ಕಾರಣ ಇರಬಹುದು. ಫೋನಿನ ಹಾಟ್‌ಸ್ಪಾಟ್ ಬಳಸುವುದಾದರೆ ಫೋನನ್ನು ಸಿಗ್ನಲ್ ಸಿಗುವ ಕಿಟಕಿಯ ಹತ್ತಿರ ಇಟ್ಟು, ಯುಎಸ್‌ಬಿ ಕೇಬಲ್‌ನಲ್ಲಿ ಟೆದರಿಂಗ್ ಮಾಡಿ. ಗುಡ್ಡೆಯ ಬುಡದ ಮನೆಗಳಲ್ಲಿ ಈ ಸಣ್ಣ ಬದಲಾವಣೆಯಿಂದಲೇ ಎಷ್ಟೋ ಸುಧಾರಿಸುತ್ತದೆ.

ಮಳೆಗಾಲಕ್ಕೆ ಒಂದು ಸಮಾಧಾನದ ಮಾತು. ಕರೆಂಟ್ ಹೋಗಿ ನಿಮ್ಮ ಕಡೆ ಕನೆಕ್ಷನ್ ತುಂಡಾದರೂ ಆಫೀಸಿನ ಕಂಪ್ಯೂಟರಿನಲ್ಲಿ ನಿಮ್ಮ ಸೆಷನ್ ಹಾಗೇ ಇರುತ್ತದೆ. ಅರ್ಧ ಬರೆದ ವೋಚರ್ ಕೂಡ ಅಲ್ಲೇ ಕಾಯುತ್ತದೆ, ಮತ್ತೆ ಕನೆಕ್ಟ್ ಆದರೆ ಬಿಟ್ಟಲ್ಲಿಂದ ಮುಂದುವರಿಸಬಹುದು. ಆಫೀಸಿನ ಕಡೆಯೇ ಕರೆಂಟ್ ಹೋದರೆ ಮಾತ್ರ ಕಷ್ಟ. ಅಲ್ಲಿ ಒಂದು ಯುಪಿಎಸ್ ಇರಲಿ. ಕರೆಂಟ್ ಬಂದಾಗ ಕಂಪ್ಯೂಟರ್ ತಾನೇ ಆನ್ ಆಗುವ ಹಾಗೆ ಬಯಾಸ್‌ನಲ್ಲಿ ಒಂದು ಸೆಟ್ಟಿಂಗ್ ಇರುತ್ತದೆ, ಅದನ್ನು ಹಾಕಿಸಿ. ವಿಂಡೋಸ್‌ನ ಸ್ಲೀಪ್ ಕೂಡ ಬಂದ್ ಮಾಡಿಸಿ, ಮಲಗಿದ ಕಂಪ್ಯೂಟರಿಗೆ ನೀವು ಎಷ್ಟು ಕರೆದರೂ ಕೇಳುವುದಿಲ್ಲ.

ಪ್ರಶ್ನೆ: ಟರ್ಮಿನಲ್‌ನಲ್ಲಿ ಆರು ತಿಂಗಳಿಂದ ಸರಿಯಾಗಿ ಕನೆಕ್ಟ್ ಆಗುತ್ತಿತ್ತು. ಮೊನ್ನೆಯಿಂದ ಸರ್ಟಿಫಿಕೇಟ್ ಬದಲಾಗಿದೆ ಎಂದು ದೊಡ್ಡ ಎಚ್ಚರಿಕೆ ಬರುತ್ತಿದೆ. ಗೆಳೆಯನೊಬ್ಬ ‘/ಸರ್ಟ್:ಇಗ್ನೋರ್’ ಹಾಕು, ಸುಮ್ಮನಾಗುತ್ತದೆ ಎಂದ. ಹಾಕಬಹುದಾ? (ಉಪ್ಪಳದ ಓದುಗರು)

ಉತ್ತರ: ಹಾಕಬೇಡಿ. ಅದು ಹಾಕಿದರೆ ಎಚ್ಚರಿಕೆ ಸುಮ್ಮನಾಗುತ್ತದೆ ನಿಜ, ಆದರೆ ನಾಳೆ ನಿಜವಾಗಿಯೇ ಯಾರಾದರೂ ನಡುವೆ ಬಂದು ಕೂತರೂ ನಿಮಗೆ ತಿಳಿಯುವುದಿಲ್ಲ.

ನಿಮ್ಮ ಪತ್ರದಲ್ಲಿರುವ ‘ಆರು ತಿಂಗಳು’ ಎಂಬುದೇ ಸುಳಿವು. ವಿಂಡೋಸ್ ರಿಮೋಟ್ ಡೆಸ್ಕ್‌ಟಾಪಿಗಾಗಿ ತಾನೇ ಮಾಡಿಕೊಳ್ಳುವ ಸರ್ಟಿಫಿಕೇಟಿನ (ಆ ಕಂಪ್ಯೂಟರಿನ ಗುರುತುಚೀಟಿ) ಆಯಸ್ಸು ಆರು ತಿಂಗಳು. ಅವಧಿ ಮುಗಿದಾಗ ಹೊಸದು ಮಾಡಿಕೊಳ್ಳುತ್ತದೆ. ಫ್ರೀಆರ್‌ಡಿಪಿ ಹಳೆಯದನ್ನು ನೆನಪಿಟ್ಟುಕೊಂಡಿರುತ್ತದೆ, ಆದ್ದರಿಂದ ಗುರುತು ಹೊಂದುತ್ತಿಲ್ಲ ಎನ್ನುತ್ತದೆ. ಬಹುಪಾಲು ನಿಮ್ಮದೂ ಇದೇ. ಆದರೂ ಊಹೆಯ ಮೇಲೆ ಒಪ್ಪಿಬಿಡಬೇಡಿ, ಒಮ್ಮೆ ಹೋಲಿಸಿ ನೋಡಿ.

ಆ ಕಂಪ್ಯೂಟರಿನ ಎದುರು ಕೂತವರು ಅಡ್ಮಿನ್ ಆಗಿ ಸರ್ಟ್‌ಎಲ್‌ಎಂ.ಎಂಎಸ್‌ಸಿ ತೆರೆದರೆ ಅಲ್ಲಿ ರಿಮೋಟ್ ಡೆಸ್ಕ್‌ಟಾಪ್ ಎಂಬ ಫೋಲ್ಡರಿನಲ್ಲಿ ಸರ್ಟಿಫಿಕೇಟ್ ಕಾಣುತ್ತದೆ, ಯಾವ ತಾರೀಕಿನಿಂದ ಎಂದೂ ಇರುತ್ತದೆ. ಎಚ್ಚರಿಕೆ ಶುರುವಾದ ದಿನಕ್ಕೆ ಅದು ಹತ್ತಿರ ಇದ್ದರೆ ಅರ್ಧ ಸಂಶಯ ಅಲ್ಲಿಗೇ ಹೋಯಿತು. ಉಳಿದರ್ಧಕ್ಕೆ ಬೆರಳಚ್ಚು (ಸರ್ಟಿಫಿಕೇಟಿನಿಂದ ಲೆಕ್ಕ ಹಾಕಿದ ಉದ್ದದ ಗುರುತು) ಹೋಲಿಸಬೇಕು. ಇಲ್ಲಿ ಜನ ಎಡವುತ್ತಾರೆ: ವಿಂಡೋಸ್ ತೋರಿಸುವ ಥಂಬ್‌ಪ್ರಿಂಟ್ ಶಾ-1 ಲೆಕ್ಕದ್ದು, ಟರ್ಮಿನಲ್‌ನಲ್ಲಿ ಬರುವುದು ಶಾ-256ರದ್ದು, ಎರಡೂ ಯಾವತ್ತೂ ಒಂದೇ ಆಗಿ ಕಾಣುವುದಿಲ್ಲ. ಕಂಗಾಲಾಗಬೇಡಿ. ಆ ಸರ್ಟಿಫಿಕೇಟನ್ನು ಪ್ರೈವೇಟ್ ಕೀ ಇಲ್ಲದೆ ಎಕ್ಸ್‌ಪೋರ್ಟ್ ಮಾಡಿ ಕಳಿಸಲು ಹೇಳಿ, ನಿಮ್ಮ ಲಿನಕ್ಸ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನಿಂದ ಅದರ ಶಾ-256 ಬೆರಳಚ್ಚು ತೆಗೆದು ಎಚ್ಚರಿಕೆಯಲ್ಲಿ ಬಂದದ್ದರ ಜೊತೆ ಇಟ್ಟು ನೋಡಿ. ಹೊಂದಿದರೆ ವೈ ಒತ್ತಿ ಒಪ್ಪಿಕೊಳ್ಳಿ. ಹೊಂದದಿದ್ದರೆ ಪಾಸ್‌ವರ್ಡ್ ಕೊಡಬೇಡಿ, ಆಫೀಸಿಗೆ ಫೋನ್ ಮಾಡಿ.

ಪ್ರಶ್ನೆ: ನಾನು ಕುಂಬಳೆಯಿಂದ ಡಿಟಿಪಿ ಕೆಲಸ ಮಾಡುತ್ತೇನೆ. ಕಾಸರಗೋಡಿನ ಪ್ರೆಸ್ಸಿನ ವಿಂಡೋಸ್‌ನಲ್ಲಿ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ ಉಂಟು. ಲಿನಕ್ಸ್‌ನಿಂದ ಒಳಗೆ ಹೋಗಿ ಕನ್ನಡ ಟೈಪ್ ಮಾಡಿದರೆ ಇಂಗ್ಲಿಷ್ ಬರುತ್ತದೆ, ಇಲ್ಲವಾದರೆ ಏನೇನೋ ಅಕ್ಷರ. ಏನು ಮಾಡುವುದು?

ಉತ್ತರ: ನೀವು ಬಹುಶಃ ಎರಡೂ ಕಡೆ ಕನ್ನಡ ಆನ್ ಮಾಡುತ್ತಿದ್ದೀರಿ. ಫ್ರೀಆರ್‌ಡಿಪಿ ಕಳಿಸುವುದು ಅಕ್ಷರವನ್ನಲ್ಲ, ಯಾವ ಕೀ ಒತ್ತಿದಿರಿ ಎಂಬ ಸುದ್ದಿಯನ್ನು. ಅದನ್ನು ಅಕ್ಷರ ಮಾಡುವ ಕೆಲಸ ಆ ಕಡೆಯ ವಿಂಡೋಸ್‌ನದ್ದು. ಆದ್ದರಿಂದ ಲಿನಕ್ಸ್‌ನಲ್ಲಿ ಐಬಸ್ (ಭಾಷೆ ಬದಲಿಸಿ ಟೈಪ್ ಮಾಡಿಸುವ ಪ್ರೋಗ್ರಾಂ) ಅನ್ನು ಇಂಗ್ಲಿಷ್‌ಗೆ ತಂದು, ಕೀಬೋರ್ಡ್ ಲೇಔಟ್ ಕೂಡ ಇಂಗ್ಲಿಷ್ ಇಟ್ಟು, ಆಮೇಲೆ ಕಮಾಂಡ್ ಓಡಿಸಿ. ಒಳಗೆ ಹೋದ ಮೇಲೆ ನುಡಿಯನ್ನು ಕನ್ನಡಕ್ಕೆ ತಿರುಗಿಸಿ. ಕಮಾಂಡ್ ಓಡಿಸುವ ಮೊದಲೇ ಬದಲಿಸುವುದು ಮುಖ್ಯ, ಕನೆಕ್ಟ್ ಆಗುವಾಗ ನಿಮ್ಮ ಲೇಔಟ್ ಯಾವುದು ಎಂದು ಅದು ವಿಂಡೋಸ್‌ಗೆ ತಿಳಿಸಿಬಿಡುತ್ತದೆ.

ಕ್ಲಿಪ್‌ಬೋರ್ಡಿನಲ್ಲಿ ಕಾಪಿ ಮಾಡಿ ಆಚೀಚೆ ತರುವಾಗಲೂ ಒಂದು ಜಾಗ್ರತೆ. ಯೂನಿಕೋಡ್ ಕನ್ನಡ ಚೆನ್ನಾಗಿಯೇ ಬರುತ್ತದೆ. ನುಡಿಯ ಹಳೇ ಫಾಂಟಿನಲ್ಲಿ ಬರೆದದ್ದು ಲಿನಕ್ಸ್‌ಗೆ ಬಂದಾಗ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ, ಅದು ಆರ್‌ಡಿಪಿಯ ತಪ್ಪಲ್ಲ. ಅಲ್ಲೇ ಯೂನಿಕೋಡಿಗೆ ಬದಲಿಸಿ ಆಮೇಲೆ ತನ್ನಿ. ಪುಟಗಳ ಪಿಡಿಎಫ್ ತರಲು ‘/ಡ್ರೈವ್:ಮನೆ,’ ಎಂದು ಬರೆದು ಅಲ್ಪವಿರಾಮದ ನಂತರ ನಿಮ್ಮ ಫೋಲ್ಡರಿನ ದಾರಿ ಕೊಡಿ (ಹೆಸರು ಇಂಗ್ಲಿಷ್‌ನಲ್ಲೇ ಇರಲಿ). ಆ ಫೋಲ್ಡರ್ ವಿಂಡೋಸ್ ಒಳಗೆ ಒಂದು ಡ್ರೈವ್ ಆಗಿ ಕಾಣುತ್ತದೆ, ನೇರ ಅಲ್ಲಿಗೇ ಸೇವ್ ಮಾಡಬಹುದು. ಇಡೀ ಹೋಂ ಫೋಲ್ಡರ್ ಕೊಡಬೇಡಿ, ಇದಕ್ಕೆಂದೇ ಒಂದು ಖಾಲಿ ಫೋಲ್ಡರ್ ಮಾಡಿ ಅದನ್ನು ಮಾತ್ರ ಕೊಡಿ. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ವೈರಸ್ ಇದ್ದರೆ ಅದಕ್ಕೂ ಆ ಫೋಲ್ಡರ್ ತೆರೆದೇ ಇರುತ್ತದೆ.

ಪೂರ್ತಿ ಪರದೆಗೆ ಹೋಗಿ ಹೊರಗೆ ಬರಲು ಗೊತ್ತಾಗದಿದ್ದರೆ ಕಂಟ್ರೋಲ್, ಆಲ್ಟ್, ಎಂಟರ್ ಒಟ್ಟಿಗೆ ಒತ್ತಿ.

ಪ್ರಶ್ನೆ: ಎಲ್ಲ ಸರಿಯಾಗಿ ಹೊಡೆದರೂ ಲಾಗಿನ್ ಫೇಲ್ಯೂರ್ ಎಂದೇ ಬರುತ್ತದೆ. ವಿಂಡೋಸ್ ಎದುರು ಕೂತರೆ ಪಿನ್ ಹೊಡೆದು ಒಳಗೆ ಹೋಗುತ್ತೇನೆ. (ಪೆರ್ಲದ ಓದುಗರು)

ಉತ್ತರ: ಪಿನ್ ಆ ಕಂಪ್ಯೂಟರಿಗೆ ಮಾತ್ರ, ದೂರದಿಂದ ನಡೆಯುವುದಿಲ್ಲ. ಮೈಕ್ರೋಸಾಫ್ಟ್ ಖಾತೆಯಾದರೆ ಇಮೇಲ್ ಮತ್ತು ಅದರ ನಿಜವಾದ ಪಾಸ್‌ವರ್ಡ್ ಬೇಕು. ಸ್ಥಳೀಯ ಖಾತೆಗೆ ಪಾಸ್‌ವರ್ಡೇ ಇಡದಿದ್ದರೆ ವಿಂಡೋಸ್ ಹೊರಗಿನಿಂದ ಒಳಗೆ ಬಿಡುವುದೇ ಇಲ್ಲ, ಒಂದು ಪಾಸ್‌ವರ್ಡ್ ಇಡಿ. ಮತ್ತೊಬ್ಬರು ಕೂಡ ಬರೆದಿದ್ದರು, ಅವರಿಗೆ ಲಾಗಿನ್ ಪುಟವೇ ಬರುತ್ತಿಲ್ಲವಂತೆ. ಆ ಕಂಪ್ಯೂಟರಿನಲ್ಲಿರುವುದು ವಿಂಡೋಸ್ ಹೋಂ ಆವೃತ್ತಿ. ಹೋಂನಿಂದ ಬೇರೆ ಕಡೆಗೆ ಹೋಗಬಹುದು, ಅದರೊಳಗೆ ಬರಲು ಪ್ರೊ ಬೇಕು. ಹೊಸ ಕಂಪ್ಯೂಟರ್ ತೆಗೆದುಕೊಳ್ಳುವ ಆಲೋಚನೆ ಇದ್ದರೆ ಬಿಲ್ ಮಾಡಿಸುವ ಮೊದಲೇ ಅಂಗಡಿಯವರಲ್ಲಿ ಇದನ್ನು ಕೇಳಿ.