567 ಟೋನ್ ಡಿಕೋಡರ್ ಬ್ಯಾಟರಿ ತಿನ್ನುತ್ತಿದೆ, ಕಡಿಮೆ ಕರೆಂಟಿನ ಚಿಪ್ ಯಾವುದು?

ಪಂಪ್‌ಹೌಸ್, ಲೈಸೆನ್ಸ್ ಇರುವ ವಿಎಚ್‌ಎಫ್ ವಾಕಿಟಾಕಿ ಸೆಟ್ಟು, 1000 ಹರ್ಟ್ಸ್ ಟೋನ್ ಬಂದರೆ ಗುರುತು ಹಿಡಿದು ಗಂಟೆ ಹೊಡೆಸುವ 567 ಚಿಪ್ಪು, ನಾಲ್ಕೇ ದಿನಕ್ಕೆ ಖಾಲಿಯಾಗುವ ಬ್ಯಾಟರಿ. ನಿಮ್ಮ ಪ್ರಶ್ನೆ ಓದಿ ನಗು ಬಂತು, ತಪ್ಪು ತಿಳಿಯಬೇಡಿ. ಇಪ್ಪತ್ತೈದು ವರ್ಷದ ಹಿಂದಿನ ನನ್ನ ಡಬ್ಬಿಯನ್ನೇ ನೀವು ಸಿರ್ಸಿ ತೋಟದಲ್ಲಿ ಮತ್ತೆ ಕಟ್ಟಿದ ಹಾಗಿದೆ. ಕೊನೆಯಲ್ಲಿ ಒಂದು ಸಾಲು ಸುಮ್ನೆ ಸೇರಿಸಿದ್ದೀರಲ್ಲ, "ಬೆಳಗಿನ ಜಾವ ಕೆಲವೊಮ್ಮೆ ಕರೆದರೂ ಗಂಟೆ ಹೊಡೆಯಲ್ಲ" ಅಂತ, ನಿಮ್ಮ ಪ್ರಶ್ನೆಯಲ್ಲಿ ಮುಖ್ಯವಾದದ್ದು ಅದೇ. ಚಿಪ್ ಬದಲಿಸುವ ಮಾತು ಸದ್ಯಕ್ಕೆ ಬಿಡಿ.

1999ರ ಫೆಬ್ರವರಿ. ಹಾಸನದಲ್ಲಿ ರೇಡಿಯೋ, ಟಿವಿ ರಿಪೇರಿ ಮಾಡಿಕೊಂಡಿದ್ದೆ. ಸಕಲೇಶಪುರದ ಕಡೆಯ ಒಂದು ಎಸ್ಟೇಟಿನಿಂದ ಕರೆ ಬಂತು. ರೋಬಸ್ಟಾ ಕಾಫಿಗೆ ಹೂವು ಬಿಡಿಸಲು ಸ್ಪ್ರಿಂಕ್ಲರ್ ಹೊಡೆಯುವ ಕಾಲ ಅದು. ಡೀಸೆಲ್ ಪಂಪು ಕೆಳಗೆ ಹಳ್ಳದ ಹತ್ತಿರ, ಪೈಪ್ ಲೈನು ಮೇಲೆ ಗುಡ್ಡದಲ್ಲಿ. ಮೇಲೆ ಎಲ್ಲಾದರೂ ಜಾಯಿಂಟ್ ಕಳಚಿದರೆ ಕೆಳಗೆ ಇಂಜಿನ್ ನಿಲ್ಲಿಸಬೇಕು. ಕೂಗಿದರೆ ಕೇಳುವುದಿಲ್ಲ, ಆಗ ಅಲ್ಲಿ ಮೊಬೈಲ್ ಇಲ್ಲ. ಪಂಪ್ ನೋಡಿಕೊಳ್ಳುತ್ತಿದ್ದ ಅಜ್ಜನ ಕೈಗೆ ವಾಕಿಟಾಕಿ ಕೊಟ್ಟರೆ ಅವರು ಅದನ್ನು ಆಫ್ ಮಾಡಿ ಜೇಬಿಗೆ ಹಾಕುತ್ತಿದ್ದರು. "ಸುಮ್ನೆ ಗೊರಗೊರ ಅಂತದೆ, ತಲೆ ತಿಂತದೆ" ಅಂತ. ಅವರ ಮಾತೂ ಸರಿಯೇ.

ಹಳೆಯ ಸೆಟ್ಟೊಂದರ ರಿಸೀವರ್ ಭಾಗಕ್ಕೆ 567 ಸೇರಿಸಿ ಡಬ್ಬಿ ಕಟ್ಟಿದೆ. ಮೇಲಿನಿಂದ ಎಸ್ಟೇಟಿನ ರೈಟರ್ (ಗುಮಾಸ್ತರು) ಬಟನ್ ಒತ್ತಿದರೆ ಪಂಪ್ ಶೆಡ್ಡಿನಲ್ಲಿ ಗಂಟೆ ಹೊಡೆದು ಕೆಂಪು ಬಲ್ಬು ಹತ್ತಬೇಕು. ಅಂಗಡಿಯಲ್ಲಿ ಮಧ್ಯಾಹ್ನ ಟೆಸ್ಟ್ ಮಾಡಿದೆ, ಒಂದು ಸಲವೂ ತಪ್ಪಲಿಲ್ಲ. ಎಸ್ಟೇಟಿಗೆ ಹೋಗಿ ಸಂಜೆ ನಾಲ್ಕಕ್ಕೆ ಟೆಸ್ಟ್ ಮಾಡಿದೆ, ತಪ್ಪಲಿಲ್ಲ. ದುಡ್ಡು ತಗೊಂಡು, ಕಾಫಿ ಕುಡಿದು ಬಸ್ ಹತ್ತಿದೆ.

ಮೂರನೇ ದಿನ ಬೆಳಿಗ್ಗೆ ಐದಕ್ಕೆ ಜಾಯಿಂಟ್ ಕಳಚಿತು. ರೈಟರ್ ಬಟನ್ ಒತ್ತಿದರು, ಒತ್ತಿದರು, ಒತ್ತುತ್ತಲೇ ಇದ್ದರು. ಗಂಟೆ ಇಲ್ಲ. ಹುಡುಗನೊಬ್ಬ ಟಾರ್ಚ್ ಹಿಡಿದು ಗುಡ್ಡ ಇಳಿದು ಇಂಜಿನ್ ನಿಲ್ಲಿಸುವ ಹೊತ್ತಿಗೆ ಅರ್ಧ ಗಂಟೆ ಆಗಿತ್ತು. ಆ ನೀರು ಹೋಗಿ ನುಗ್ಗಿದ್ದು ಹೊಸದಾಗಿ ತುಂಬಿಟ್ಟಿದ್ದ ನರ್ಸರಿ ಬುಟ್ಟಿಗಳ ಮೇಲೆ. ಮಣ್ಣು, ಸಸಿ, ಚಪ್ಪರ ಎಲ್ಲ ಕೊಚ್ಚಿಕೊಂಡು ಹೋಗಿತ್ತು. ಎಸ್ಟೇಟಿನ ಮಾಲೀಕರಾದ ಗೌಡರು ಫೋನಿನಲ್ಲಿ ಜೋರು ಮಾಡಲಿಲ್ಲ. "ಏನಪ್ಪಾ, ನಿನ್ನ ಗಂಟೆನೂ ಮಲಗಿತ್ತಾ?" ಅಂದರು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು.

ಓಡಿ ಹೋದೆ. ನಾನು ತಲುಪಿದ್ದು ಹನ್ನೊಂದಕ್ಕೆ. ಬಟನ್ ಒತ್ತಿದೆ, ಟಣಟಣ ಹೊಡೆಯಿತು! ಅಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು.

ಆಗ ನಾನು ಮಾಡಿದ್ದು ನೀವು ಈಗ ಮಾಡಲು ಹೊರಟಿರುವುದನ್ನೇ. ಚಿಪ್ಪಿನ ಮೇಲೆ ಗೂಬೆ ಕೂರಿಸಿದೆ. ಬ್ಯಾಟರಿ ಬೇರೆ ನಾಲ್ಕು ದಿನಕ್ಕೆ ಇಳಿಯುತ್ತಿತ್ತಲ್ಲ, ಬೆಳಗಿನ ಜಾವ ವೋಲ್ಟೇಜ್ ಕಡಿಮೆಯಾಗಿ 567 ಕೆಲಸ ಮಾಡಿಲ್ಲ ಅಂತ ನಾನೇ ಒಂದು ಕಥೆ ಕಟ್ಟಿಕೊಂಡೆ. ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗಿ ಕಡಿಮೆ ಕರೆಂಟ್ ತಿನ್ನುವ ಸಿಮಾಸ್ (CMOS) ಜಾತಿಯ ಚಿಪ್ಪು, ಎಲ್‌ಎಂಸಿ567, ಎರಡು ತಂದೆ. ಹಳೆಯದು 7 ಮಿಲಿಆಂಪ್ ತಿಂದರೆ ಇದು 5 ವೋಲ್ಟಿಗೆ ಅರ್ಧ ಮಿಲಿಆಂಪ್ ಆಸುಪಾಸು. ಕಾಲುಗಳ ಜೋಡಣೆ ಅದೇ. ಹಳೆಯದನ್ನು ಸಾಕೆಟ್ಟಿನಿಂದ ಕಿತ್ತು ಇದನ್ನು ಚುಚ್ಚಿದೆ. ಬೆಳಗಿನ ಜಾವ ಹಾಗಿರಲಿ, ನಡುಮಧ್ಯಾಹ್ನವೂ ಗಂಟೆ ಹೊಡೆಯಲಿಲ್ಲ. ಡೂಪ್ಲಿಕೇಟ್ ಚಿಪ್ ಕೊಟ್ಟಿದ್ದಾರೆ ಅಂತ ಮತ್ತೆ ಬಸ್ ಹತ್ತಿ ಹೋಗಿ ಅಂಗಡಿಯವರ ಜೊತೆ ಜಗಳ ಆಡಿದೆ. ಅವರದೇನೂ ತಪ್ಪಿರಲಿಲ್ಲ. ಎಲ್‌ಎಂಸಿ567ರ ಒಳಗಿನ ಆಸಿಲೇಟರ್ ಟೋನಿನ ಎರಡರಷ್ಟು ವೇಗದಲ್ಲಿ ಓಡುತ್ತದೆ, ಲೆಕ್ಕದ ಸೂತ್ರವೇ ಬೇರೆ. ಹಳೆಯದರಲ್ಲಿ ಟೋನ್ ಅಂದರೆ 1 ಭಾಗಿಸು 1.1 ಆರ್‌ಸಿ (ಆರ್‌ಸಿ ಅಂದರೆ ರೆಸಿಸ್ಟರ್ ಗುಣಿಸು ಕೆಪಾಸಿಟರ್), ಇದರಲ್ಲಿ 1 ಭಾಗಿಸು 2.8 ಆರ್‌ಸಿ. ನನ್ನ ಬೋರ್ಡಿನಲ್ಲಿದ್ದದ್ದು 9.1 ಕೆ ಮತ್ತು 0.1 ಮೈಕ್ರೋಫ್ಯಾರಡ್. ಹಳೆಯ ಚಿಪ್ಪಿಗೆ ಅದು ಸರಿಸುಮಾರು 1000 ಹರ್ಟ್ಸ್, ಹೊಸದಕ್ಕೆ 392. ನಾನು 1000ದಲ್ಲಿ ಕರೆಯುತ್ತಿದ್ದೆ, ಅದು 392ಕ್ಕೆ ಕಿವಿ ಕೊಟ್ಟು ಕೂತಿತ್ತು.

ಕೊನೆಗೆ ಹಳೆಯ ಚಿಪ್ಪನ್ನೇ ಹಾಕಿ ಶೆಡ್ಡಿನಲ್ಲೇ ರಾತ್ರಿ ಮಲಗಿದೆ. ಬೆಳಿಗ್ಗೆ ಐದಕ್ಕೆ ಎದ್ದು ಹಲ್ಲು ಕಟಕಟ ಅನ್ನುತ್ತಿರುವಾಗ 5ನೇ ಕಾಲಿಗೆ ಫ್ರೀಕ್ವೆನ್ಸಿ ಮೀಟರ್ ಇಟ್ಟೆ. ಅಲ್ಲಿ ಆಸಿಲೇಟರಿನ ಚೌಕದ ಅಲೆ ಸಿಗುತ್ತದೆ. ಮೀಟರ್ 940 ತೋರಿಸಿತು. ಅಂಗಡಿಯಲ್ಲಿ ನಾನೇ ಕೂತು 1000ಕ್ಕೆ ಕೂರಿಸಿದ್ದೆ. ಏನಿರಬಹುದು ಅಂತ ಒಂದೊಂದೇ ಪಾರ್ಟನ್ನು ಬೆರಳಲ್ಲಿ ಹಿಡಿದು ನೋಡಿದೆ. ರೆಸಿಸ್ಟರ್ ಹಿಡಿದರೆ ಏನೂ ಇಲ್ಲ. ಚಿಪ್ಪಿನ ಮೇಲೆ ಬೆರಳಿಟ್ಟರೆ ಒಂದು ಹರ್ಟ್ಸ್ ಕೂಡ ಕದಲಲಿಲ್ಲ. 104 ಅಂತ ಬರೆದ ಕಂದು ಬಣ್ಣದ ಪುಟ್ಟ ಡಿಸ್ಕ್ ಕೆಪಾಸಿಟರನ್ನು ಎರಡು ಬೆರಳಲ್ಲಿ ಹಿಡಿದೆ ನೋಡಿ, 945, 952, 961 ಅಂತ ಮೀಟರ್ ಮೇಲೆ ಹತ್ತುತ್ತಾ ಹೋಯಿತು. ಬಿಟ್ಟರೆ ಮತ್ತೆ ಕೆಳಗೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ. 567ರ ಒಳಗೆ ಒಂದು ತಂಬೂರಿ ಇದೆ ಅಂದುಕೊಳ್ಳಿ. ಅದು ತನ್ನ ಪಾಡಿಗೆ ಒಂದು ಶ್ರುತಿಯಲ್ಲಿ ಮೀಟುತ್ತಿರುತ್ತದೆ. ಹೊರಗಿನಿಂದ ಬಂದ ಟೋನು ಆ ಶ್ರುತಿಗೆ ಹತ್ತಿರ ಇದ್ದರೆ ಅದಕ್ಕೆ ಕಚ್ಚಿಕೊಂಡು 8ನೇ ಕಾಲನ್ನು ಕೆಳಗೆ ಎಳೆಯುತ್ತದೆ. ಆ ಶ್ರುತಿಯನ್ನು ಹಿಡಿದಿರುವುದು ಎರಡೇ ಪಾರ್ಟು, ಒಂದು ರೆಸಿಸ್ಟರ್, ಒಂದು ಕೆಪಾಸಿಟರ್. ಎಷ್ಟು ಹತ್ತಿರ ಇರಬೇಕು ಅನ್ನುವುದನ್ನು 2ನೇ ಕಾಲಿನ ಕೆಪಾಸಿಟರ್ ಮತ್ತು ಒಳಗೆ ಬರುವ ಸಿಗ್ನಲ್ ಮಟ್ಟ ಹೇಳುತ್ತವೆ. ನಾನು ಹಾಕಿದ್ದು 2.2 ಮೈಕ್ರೋಫ್ಯಾರಡ್, ಸಿಗ್ನಲ್ 100 ಮಿಲಿವೋಲ್ಟ್. ಲೆಕ್ಕ ಹಾಕಿದರೆ ಒಟ್ಟು ಅಗಲ 7 ಪರ್ಸೆಂಟ್ ಚಿಲ್ಲರೆ. ಅಂದರೆ 1000ದ ಆಚೆ ಈಚೆ 36 ಹರ್ಟ್ಸ್ ಮಾತ್ರ ಸಲಿಗೆ. ಕಳುಹಿಸುವ ಕಡೆ ಕ್ರಿಸ್ಟಲ್ ಇತ್ತು, ಅದು ಬಿಸಿಲಲ್ಲೂ ಚಳಿಯಲ್ಲೂ 1000 ಅಂದರೆ 1000. ಈ ಕಡೆ ತಂಬೂರಿ 940ಕ್ಕೆ ಇಳಿದಿತ್ತು. ಅದರ ಸಲಿಗೆ ಮುಗಿಯುವುದೇ 974ಕ್ಕೆ. ಮತ್ತೆ ಹೇಗೆ ಕೇಳುತ್ತದೆ?

ಕೆಪಾಸಿಟರ್ ಹಾಳಾಗಿತ್ತಾ? ಇಲ್ಲ, ಅದು ತನ್ನ ಜಾತಿಗೆ ತಕ್ಕಂತೆ ನಡೆದುಕೊಂಡಿತ್ತು. ಅಗ್ಗದ ಡಿಸ್ಕ್ ಸೆರಾಮಿಕ್‌ಗಳಲ್ಲಿ ಝಡ್5ಯು ಅನ್ನುವ ವರ್ಗ ಇದೆ. 10 ಡಿಗ್ರಿಯಿಂದ 85 ಡಿಗ್ರಿವರೆಗೆ ಅದರ ಬೆಲೆ 22 ಪರ್ಸೆಂಟ್ ಮೇಲೆ, 56 ಪರ್ಸೆಂಟ್ ಕೆಳಗೆ ಹೋದರೂ ಅದು ಪಾಸು! ಸಪ್ಲೈ ಲೈನಿಗೂ ನೆಲಕ್ಕೂ ಮಧ್ಯೆ ಗೊರಗೊರ ತೆಗೆಯಲು ಹಾಕುವ ಸಾಮಾನು ಅದು, ಶ್ರುತಿ ಹಿಡಿಯಲು ಅಲ್ಲ. ಮಧ್ಯಾಹ್ನದ 32 ಡಿಗ್ರಿಯಲ್ಲಿ, ಪಕ್ಕದಲ್ಲಿ ಸೋಲ್ಡರಿಂಗ್ ಐರನ್ ಉರಿಯುತ್ತಿರುವಾಗ ನಾನು ಅದನ್ನು ಟ್ಯೂನ್ ಮಾಡಿದ್ದೆ. ಹಳ್ಳದ ಪಕ್ಕದ ಬೆಳಗಿನ ಚಳಿಗೆ ಅದು 6 ಪರ್ಸೆಂಟ್ ಊದಿಕೊಂಡಿತು, ಶ್ರುತಿ ಅಷ್ಟೇ ಇಳಿಯಿತು. ಬಿಸಿಲೇರಿದ ಮೇಲೆ ನಾನು ಹೋದೆ, ಸರಿಹೋಗಿತ್ತು. ಟಿವಿ ರಿಪೇರಿಯಲ್ಲಿ ಡಿಸ್ಕ್ ಕೆಪಾಸಿಟರ್ ಡಬ್ಬಿಗಟ್ಟಲೆ ಇರುತ್ತದೆ, ಕೈಗೆ ಸಿಕ್ಕಿದ್ದನ್ನು ಹಾಕಿದೆ. ಐವತ್ತು ಪೈಸೆಯ ಸಾಮಾನು. ಅದರ ಜಾಗಕ್ಕೆ ಒಂದು ಹಸಿರು ಪಾಲಿಯೆಸ್ಟರ್ ಕೆಪಾಸಿಟರ್, ಕಾರ್ಬನ್ ರೆಸಿಸ್ಟರ್ ಬದಲು ಮೆಟಲ್ ಫಿಲ್ಮ್ ಹಾಕಿದೆ. 20 ಡಿಗ್ರಿ ಏರುಪೇರಾದರೂ ಒಂದು ಪರ್ಸೆಂಟ್ ಒಳಗೆ ನಿಂತಿತು. ಆಮೇಲೆ ಆ ಡಬ್ಬಿ ಒಂದು ಬೆಳಿಗ್ಗೆಯೂ ತಪ್ಪಲಿಲ್ಲ. ಆದರೆ ಆ ವರ್ಷದ ನರ್ಸರಿ ಹೋಗಿತ್ತು. ಎರಡು ಸೀಸನ್ ಆ ಎಸ್ಟೇಟಿಗೆ ಪುಕ್ಕಟೆ ರಿಪೇರಿ ಮಾಡಿಕೊಟ್ಟೆ, ಗೌಡರು ಕೇಳಿರಲಿಲ್ಲ.

ಈಗ ನಿಮ್ಮ ಬ್ಯಾಟರಿ. ಇಲ್ಲೂ ಚಿಪ್ಪು ನಿರಪರಾಧಿ. ಆ ರಾತ್ರಿ ಶೆಡ್ಡಿನಲ್ಲಿ ಮಾಡಲು ಬೇರೆ ಕೆಲಸ ಇರಲಿಲ್ಲ, ಒಂದೊಂದನ್ನೇ ಬಿಡಿಸಿ ಕರೆಂಟ್ ಅಳೆದಿದ್ದೆ. ರಿಸೀವರ್ 45 ಮಿಲಿಆಂಪ್. ಎಲ್‌ಎಂ386 ಆಡಿಯೋ ಚಿಪ್ಪು 4. 12 ವೋಲ್ಟನ್ನು 5ಕ್ಕೆ ಇಳಿಸುವ 7805 ರೆಗ್ಯುಲೇಟರ್ ಯಾರಿಗೂ ಏನೂ ಕೊಡದೆ ತಾನೇ ತಿನ್ನುವುದು 5. 567ಕ್ಕೆ 7. "ಪವರ್ ಇದೆ" ಅಂತ ತೋರಿಸುವ ಹಸಿರು ಎಲ್‌ಇಡಿಗೆ 12! ಒಟ್ಟು 73. 12 ವೋಲ್ಟ್ 7 ಆಂಪ್ ಅವರ್ ಬ್ಯಾಟರಿಗೆ ಭಾಗಿಸಿ, 96 ಗಂಟೆ. ನಿಮ್ಮ ನಾಲ್ಕು ದಿನ ಅಲ್ಲೇ ಬಂತು. ಚಿಪ್ ಬದಲಿಸಿದರೆ ಒಂಬತ್ತು ಗಂಟೆ ಜಾಸ್ತಿ ಸಿಗುತ್ತದೆ. ಆ ಎಲ್‌ಇಡಿಯ ಒಂದು ಕಾಲು ಕತ್ತರಿಸಿದರೆ ಹತ್ತೊಂಬತ್ತು ಗಂಟೆ. ಕತ್ತಲೆ ಶೆಡ್ಡಿನಲ್ಲಿ ಅದನ್ನು ಯಾರು ನೋಡುತ್ತಾರೆ?

ದೊಡ್ಡ ಕಳ್ಳ ರಿಸೀವರ್. ಅದನ್ನು ಇಡೀ ದಿನ ಎಚ್ಚರ ಇಡುವುದೇ ತಪ್ಪು. ಪೇಜರ್ ಮಾಡಿದವರು ಇದನ್ನು ಎಷ್ಟೋ ಹಿಂದೆ ಬಗೆಹರಿಸಿದ್ದರು. 1995ರ ಹೊತ್ತಿಗೆ ಬೆಂಗಳೂರಿನಲ್ಲೂ ಸೊಂಟಕ್ಕೆ ಪೇಜರ್ ಸಿಕ್ಕಿಸಿಕೊಂಡವರು ಓಡಾಡುತ್ತಿದ್ದರಲ್ಲ, ಒಂದು ಸಣ್ಣ ಸೆಲ್ಲಿನಲ್ಲಿ ಅದು ವಾರಗಟ್ಟಲೆ ನಡೆಯುತ್ತಿತ್ತು. ಗುಟ್ಟು ಇಷ್ಟೇ, ಅದು ಹೆಚ್ಚು ಹೊತ್ತು ನಿದ್ದೆ ಮಾಡುತ್ತಿತ್ತು. ಪೋಕ್‌ಸ್ಯಾಗ್ ಪದ್ಧತಿಯಲ್ಲಿ ಸಂದೇಶಕ್ಕೆ ಮೊದಲು 576 ಬಿಟ್‌ಗಳಷ್ಟು (bit) ಸುಮ್ನೆ ಒಂದು-ಸೊನ್ನೆ-ಒಂದು-ಸೊನ್ನೆ ಕಳಿಸುತ್ತಾರೆ. ಸೆಕೆಂಡಿಗೆ 512 ಬಿಟ್ಟಿನ ಲೆಕ್ಕದಲ್ಲಿ ಅದು ಒಂದು ಸೆಕೆಂಡಿಗಿಂತ ಜಾಸ್ತಿ. ಅಷ್ಟರೊಳಗೆ ಒಂದು ಸಲ ಕಣ್ಣು ಬಿಟ್ಟರೆ ಸಾಕು, "ಯಾರೋ ಕರೀತಿದಾರೆ" ಅಂತ ಪೇಜರಿಗೆ ಗೊತ್ತಾಗುತ್ತದೆ. ಅದಕ್ಕೂ ಹಿಂದೆ ಟೋನಿಗೆ ಚಿಪ್ಪೇ ಇಲ್ಲದ ಕಾಲದಲ್ಲಿ ಲೋಹದ ರೀಡು ಬಳಸುತ್ತಿದ್ದರು, ಹಾರ್ಮೋನಿಯಂ ರೀಡಿನ ತಮ್ಮ ಅನ್ನಿ. ತನ್ನ ಸ್ವರ ಬಂದಾಗ ಮಾತ್ರ ನಡುಗುತ್ತದೆ. ಅಮೆರಿಕದ ಸ್ವಯಂಸೇವಕ ಅಗ್ನಿಶಾಮಕರನ್ನು ಇವತ್ತಿಗೂ ಎಷ್ಟೋ ಊರಲ್ಲಿ ಒಂದರ ಹಿಂದೆ ಒಂದು ಎರಡು ಟೋನ್ ಕಳಿಸಿಯೇ ಎಬ್ಬಿಸುತ್ತಾರೆ. ಮೊದಲನೆಯದು ಒಂದು ಸೆಕೆಂಡು, ಎರಡನೆಯದು ಮೂರು ಸೆಕೆಂಡು.

ನೀವೂ ಹಾಗೆ ಮಾಡಿ. 7805 ತೆಗೆದು ಎಲ್‌ಪಿ2950 ಹಾಕಿ, ಅದು ತಾನೇ ತಿನ್ನುವುದು ಮಿಲಿಆಂಪಿನ ಹತ್ತರಲ್ಲೊಂದು ಭಾಗವೂ ಇಲ್ಲ. ಸಿಮಾಸ್ 7555 ಟೈಮರಿನಿಂದ ಪ್ರತಿ 3 ಸೆಕೆಂಡಿಗೊಮ್ಮೆ 300 ಮಿಲಿಸೆಕೆಂಡು ಮಾತ್ರ ರಿಸೀವರ್, ಆಡಿಯೋ, 567 ಮೂರಕ್ಕೂ ಕರೆಂಟ್ ಕೊಡಿ. ಟೋನ್ ಸಿಕ್ಕರೆ ಕರೆಂಟ್ ತೆಗೆಯದೆ ಇನ್ನೊಂದು ಸೆಕೆಂಡು ಕೇಳಿ, ಆಗಲೂ ಟೋನ್ ಇದ್ದರೆ ಮಾತ್ರ ಗಂಟೆ. ಕರೆಯುವವರು ಬಟನ್ ಐದು ಸೆಕೆಂಡು ಒತ್ತಿ ಹಿಡಿಯಬೇಕು, ಅದನ್ನು ಶೆಡ್ಡಿನ ಬಾಗಿಲ ಮೇಲೆ ಅಲ್ಲ, ಸೆಟ್ಟಿನ ಮೇಲೇ ಬರೆದು ಅಂಟಿಸಿ. ಸರಾಸರಿ 6 ಮಿಲಿಆಂಪ್ ಆಸುಪಾಸಿಗೆ ಬರುತ್ತದೆ. ಅದೇ ಬ್ಯಾಟರಿ ಒಂದೂವರೆ ತಿಂಗಳು. ನಾನು ಮೊದಲು ದುರಾಸೆಯಿಂದ 100 ಮಿಲಿಸೆಕೆಂಡಿಗೆ ಇಳಿಸಿದ್ದೆ, ರಿಸೀವರ್ ಕಣ್ಣುಜ್ಜಿಕೊಳ್ಳುವುದರೊಳಗೆ ಮತ್ತೆ ಮಲಗುವ ಹೊತ್ತಾಗುತ್ತಿತ್ತು. ಇನ್ನೊಂದು ಮಾತು, ಕರೆಂಟ್ ಕೊಟ್ಟ ಕೂಡಲೇ 567ರ ಔಟ್‌ಪುಟ್ ಒಂದು ಸಲ ಸುಳ್ಳು ಸುಳ್ಳೇ ಕುಕ್ಕುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಸಿಗ್ನಲ್ ಮಟ್ಟವನ್ನೂ ನೋಡಿ. ಸ್ಪೀಕರಿನಿಂದ ನೇರವಾಗಿ 3ನೇ ಕಾಲಿಗೆ ಕೊಟ್ಟಿದ್ದರೆ 200 ಮಿಲಿವೋಲ್ಟ್ ಯಾವಾಗಲೋ ದಾಟಿರುತ್ತದೆ, ಆಗ ಅಗಲ 14 ಪರ್ಸೆಂಟಿಗೆ ಹೋಗಿ ಮಾತಿಗೂ ಗಂಟೆ ಹೊಡೆಯುತ್ತದೆ. ಮತ್ತೆ 1000ಕ್ಕೆ ಕೂರಿಸಿದ 567 ಐದರಷ್ಟು, ಅಂದರೆ 5000ಕ್ಕೂ ಓಗೊಡುತ್ತದೆ. ನಿಮ್ಮ ವಾಕಿಟಾಕಿಯ ಆಡಿಯೋ 3000ದ ಹತ್ತಿರವೇ ಮುಗಿಯುವುದರಿಂದ ನಿಮಗೆ ಆ ತಾಪತ್ರಯ ಇಲ್ಲ. ಮುಂದೆ ಇನ್ನೊಂದು ಡಬ್ಬಿಗೆ 500 ಹರ್ಟ್ಸ್ ಕೊಡೋಣ ಅನ್ನಿಸಿದರೆ ಮಾತ್ರ ನೆನಪಿಡಿ, 2500 ಒಳಗೇ ಬರುತ್ತದೆ.

ಹೊಸ ಚಿಪ್ಪೇ ಬೇಕು ಅಂತ ಮನಸ್ಸು ಎಳೆಯುತ್ತಿದ್ದರೆ, ನಿಮ್ಮ ಸೆಟ್ಟಿನಲ್ಲಿ ನಂಬರ್ ಬಟನ್ ಇದ್ದರೆ, ಆ ಬಟನ್‌ಗಳ ಟೋನ್ ಗುರುತು ಹಿಡಿಯುವ ಎಂಟಿ8870 ಚಿಪ್ಪು ನೋಡಿ. ಕರೆಂಟ್ ಕಡಿಮೆ ಅಂತಲ್ಲ, ಅದಕ್ಕೆ ಶ್ರುತಿ ಕೊಡುವುದು 3.579545 ಮೆಗಾಹರ್ಟ್ಸ್ ಕ್ರಿಸ್ಟಲ್ ಅಂತ. ಅಮೆರಿಕದ ಕಲರ್ ಟಿವಿಗೆ ಮಾಡಿದ ಕ್ರಿಸ್ಟಲ್ ಅದು, ಅದಕ್ಕೇ ಅಗ್ಗ. ಚಳಿಗೆ ಅಲುಗಾಡುವುದಿಲ್ಲ.

ಅದಕ್ಕೂ ಮೊದಲು ನಾಳೆ ಬೆಳಿಗ್ಗೆ ಐದಕ್ಕೆ ಎದ್ದು 5ನೇ ಕಾಲಿಗೆ ಮೀಟರ್ ಇಟ್ಟು ಎಷ್ಟು ತೋರಿಸುತ್ತದೆ ಬರೆದುಕೊಳ್ಳಿ. ಮಧ್ಯಾಹ್ನ ಇನ್ನೊಮ್ಮೆ. ಎರಡು ನಂಬರನ್ನೂ ಇಲ್ಲಿ ಹಾಕಿ, ಜೊತೆಗೆ 6ನೇ ಕಾಲಿಗಿರುವ, ಶ್ರುತಿ ಹಿಡಿಯುವ ಕೆಪಾಸಿಟರ್ ಹಸಿರೋ ಕಂದೋ ಹೇಳಿ.